ಶಿರಸ್ತ್ರಾಣದೊಳಗಿನ ಹೆಸರು

1613ರಲ್ಲಿ ಜಪಾನಿನ ಶೋಗನ್ ತೊಕುಗಾವಾ ಹಿದೆತದಾ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸನಿಗೆ ಎರಡು ಯುದ್ಧಕವಚಗಳನ್ನು ಶಿರಸ್ತ್ರಾಣ ಸಮೇತ ಉಡುಗೊರೆ ಕೊಟ್ಟ. ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ಜಾನ್ ಸಾರಿಸ್ ತನ್ನ ‘ಕ್ಲೋವ್’ ಹಡಗಿನಲ್ಲಿ ಅವನ್ನು ಲಂಡನ್ನಿಗೆ ತಂದ. ಐವತ್ತು ವರ್ಷ ತುಂಬುವುದರೊಳಗೆ ಅವುಗಳಲ್ಲೊಂದು ಲಂಡನ್ ಟವರ್‌ನಲ್ಲಿ ‘ಮೊಘಲ್ ಚಕ್ರವರ್ತಿಯ ಕವಚ’ ಎಂಬ ಹೆಸರಿನಲ್ಲಿ ಪ್ರದರ್ಶನಕ್ಕಿತ್ತು. ಆ ಉಡುಗೊರೆ ಹೊರಟ ಕಾಲಕ್ಕೆ ಆಗ್ರಾದಲ್ಲಿ ಆಳುತ್ತಿದ್ದವನು ಜಹಾಂಗೀರ್. ಅವನು ಅದನ್ನು ಕಣ್ಣಿನಿಂದಲೂ ಕಂಡಿರಲಿಲ್ಲ. ಪೂರ್ವದಿಂದ ಬಂದದ್ದು, ಮಿರುಗುತ್ತಿದೆ, ಹಾಗಾದರೆ ಮೊಘಲನದೇ ಇರಬೇಕು ಎಂದು ಯಾರೋ ಅಂದುಕೊಂಡಿರಬೇಕು.

ಹಳೆಯ ಜಪಾನಿ ಶಿರಸ್ತ್ರಾಣಕ್ಕೆ ಕಬುತೊ ಎಂದು ಹೆಸರು. ನಾನು ಒಂದೇ ಒಂದು ಕಬುತೊ ಕೊಂಡವನಲ್ಲ, ಕೊಳ್ಳುವ ಶಕ್ತಿಯೂ ಇಲ್ಲ. ಆದರೆ ಹರಾಜು ಮನೆಗಳ ಮತ್ತು ಮ್ಯೂಸಿಯಮ್ಮುಗಳ ಕ್ಯಾಟಲಾಗುಗಳನ್ನು ಕಾದಂಬರಿಯಂತೆ ಓದುವ ಚಟ ಬಹಳ ವರ್ಷಗಳಿಂದ ಇದೆ. ಹಾಗೆ ಓದುತ್ತಾ ನನಗೆ ಕಂಡದ್ದಿಷ್ಟು: ಸಂಗ್ರಾಹಕರು ಕಬ್ಬಿಣದ ಗುಣವನ್ನು ಎಷ್ಟೇ ಹೊಗಳಲಿ, ಕಡೆಗೆ ದುಡ್ಡು ಕೊಡುವುದು ಹೆಸರಿಗೆ. ಯಾರು ಮಾಡಿದ್ದು, ಯಾರು ತೊಟ್ಟದ್ದು? ಇಡೀ ವಸ್ತುವಿನಲ್ಲಿ ಎಲ್ಲಕ್ಕಿಂತ ಕಡಿಮೆ ನಂಬಬೇಕಾದ ಭಾಗವೂ ಅದೇ ಹೆಸರು.

ಇದು ಸಂಗ್ರಾಹಕರು ಹುಟ್ಟುಹಾಕಿದ ರೋಗವೇನಲ್ಲ, ರಣರಂಗದಲ್ಲೇ ಶುರುವಾದದ್ದು. ಹದಿನಾರನೇ ಶತಮಾನದ ಜಪಾನಿನಲ್ಲಿ ಯೋಧನಿಗೆ ಇನಾಮು ಸಿಗುತ್ತಿದ್ದದ್ದು ಅವನು ಕಡಿದು ತಂದ ತಲೆಗಳ ಲೆಕ್ಕದ ಮೇಲೆ. ಯುದ್ಧ ಮುಗಿದ ಮೇಲೆ ಆ ತಲೆಗಳನ್ನು ತೊಳೆದು, ಕೂದಲು ಬಾಚಿ, ಹೆಸರಿನ ಚೀಟಿ ಕಟ್ಟಿ, ಒಡೆಯನ ಮುಂದೆ ಸಾಲಾಗಿ ಇಡುತ್ತಿದ್ದರು. ಕಬುತೊ ತೊಟ್ಟವನ ತಲೆಗೆ ‘ಕಬುತೊ-ಕುಬಿ’ ಎಂಬ ಪ್ರತ್ಯೇಕ ಹೆಸರೇ ಇತ್ತು, ಬೆಲೆಯೂ ಹೆಚ್ಚು. ತಲೆ ಕಾಯಬೇಕಾದ ವಸ್ತುವೇ ತಲೆಯ ಬೆಲೆ ಏರಿಸುತ್ತಿತ್ತು. 1600ರಲ್ಲಿ, ಸೆಕಿಗಹಾರ ಕದನದ ಹೊತ್ತಿಗೆ, ಒಗಾಕಿ ಕೋಟೆಯೊಳಗೆ ಸಿಕ್ಕಿಕೊಂಡಿದ್ದ ಓಆನ್ ಎಂಬ ಹುಡುಗಿ ಮುದುಕಿಯಾದ ಮೇಲೆ ಹೇಳಿದ ನೆನಪುಗಳು ದಾಖಲಾಗಿವೆ. ಕೋಟೆಯ ಹೆಂಗಸರು ತಲೆಗಳ ಹಲ್ಲಿಗೆ ಕಪ್ಪು ಬಣ್ಣ ಹಚ್ಚುತ್ತಿದ್ದರಂತೆ. ಆ ಕಾಲದಲ್ಲಿ ಹಲ್ಲು ಕಪ್ಪಾಗಿಸಿಕೊಳ್ಳುವುದು ದೊಡ್ಡ ಮನೆತನದವರ ರೂಢಿ. ಕಪ್ಪು ಹಲ್ಲಿನ ತಲೆ ತಂದವನಿಗೆ ಹೆಚ್ಚಿನ ಮನ್ನಣೆ. ಸಾಮಾನ್ಯ ಸೈನಿಕನ ತಲೆಯನ್ನು ಸರದಾರನ ತಲೆ ಮಾಡುವ ಈ ಕೆಲಸವನ್ನು ಓದಿದಾಗೆಲ್ಲ ನನಗೆ ಹರಾಜು ಕ್ಯಾಟಲಾಗಿನ ವಿವರಣೆಗಳು ನೆನಪಾಗುತ್ತವೆ.

ಇದರ ಇನ್ನೊಂದು ಮುಖ ಕಿಮುರಾ ಶಿಗೆನಾರಿಯ ಕಥೆ. 1615ರ ಒಸಾಕಾ ಯುದ್ಧದಲ್ಲಿ ಸತ್ತ ತರುಣ ಸೇನಾನಿ ಈತ. ತನ್ನ ತಲೆ ಶತ್ರುವಿನ ಮುಂದೆ ಹೋದಾಗ ದುರ್ವಾಸನೆ ಬೀರಬಾರದೆಂದು ಹೊರಡುವ ಮುನ್ನ ಕಬುತೊದೊಳಗೆ ಧೂಪ ಹಾಕಿಸಿದ್ದನಂತೆ. ಆ ಸುವಾಸನೆಗೆ ಗೆದ್ದ ಇಯೆಯಾಸುವೇ ಬೆರಗಾದನಂತೆ. ಇದು ಐತಿಹ್ಯ. ಆದರೆ ಶಿರಸ್ತ್ರಾಣ ತೊಡುವವನ ಮನಸ್ಸಿನಲ್ಲಿ ಏನು ಇರುತ್ತಿತ್ತು ಎಂಬುದನ್ನು ಇದು ಎಷ್ಟೋ ದಾಖಲೆಗಳಿಗಿಂತ ಚೆನ್ನಾಗಿ ಹೇಳುತ್ತದೆ.

ಹೆಸರನ್ನು ಬದಿಗಿಟ್ಟು ವಸ್ತುವನ್ನೇ ನೋಡಿದರೆ ಅದು ಸಾಕಷ್ಟು ಮಾತಾಡುತ್ತದೆ. ಕಬುತೊದ ಮುಖ್ಯ ಭಾಗ ‘ಹಚಿ’, ಅಂದರೆ ಬೋಗುಣಿ. ಉದ್ದುದ್ದ ಕಬ್ಬಿಣದ ತಗಡುಗಳನ್ನು ಕಿತ್ತಳೆ ತೊಳೆಗಳಂತೆ ಜೋಡಿಸಿ ರಿವೆಟ್ ಹೊಡೆದು ಅದನ್ನು ಮಾಡುತ್ತಿದ್ದರು. 62 ತಗಡುಗಳ ಹಚಿ ಅಪರೂಪವೇನಲ್ಲ. ಕತ್ತನ್ನು ಕಾಯಲು ಹಿಂದೆ ಪಟ್ಟಿಪಟ್ಟಿಯಾಗಿ ಇಳಿಬಿದ್ದ ‘ಶಿಕೊರೊ’, ಮುಂದೆ ಹಣೆಯ ಮೇಲೆ ‘ಮಯೆದಾತೆ’ ಎಂಬ ಲಾಂಛನ. ದಾತೆ ಮಸಾಮುನೆಯದು ಒಂದು ಕೊಂಬು ಉದ್ದ, ಒಂದು ಗಿಡ್ಡ ಇರುವ ಬಾಲಚಂದ್ರ. ನೆತ್ತಿಯಲ್ಲೊಂದು ತೂತು. ಹಿಂದೆ ಜುಟ್ಟಿನ ಟೋಪಿ ಅದರ ಮೂಲಕ ಹೊರಬರುತ್ತಿತ್ತು. ಆಮೇಲೆ ಗಾಳಿಯಾಡಲು ಉಳಿಯಿತು. ಅದು ಯುದ್ಧದೇವತೆ ಹಚಿಮಾನ್ ಕೂರುವ ಜಾಗ ಎಂಬ ನಂಬಿಕೆಯೂ ಇತ್ತು.

1543ರಲ್ಲಿ ಪೋರ್ಚುಗೀಸರ ಬಂದೂಕು ತನೆಗಶಿಮಾ ದ್ವೀಪಕ್ಕೆ ಬಂದ ಮೇಲೆ ಎಲ್ಲ ಬದಲಾಯಿತು. ಸೈನ್ಯಗಳು ದೊಡ್ಡವಾದವು, ಬೇಗ ಮಾಡಬಲ್ಲ ಶಿರಸ್ತ್ರಾಣ ಬೇಕಾಯಿತು. ಕೆಲವೇ ದಪ್ಪ ತಗಡುಗಳ, ತಲೆಯ ಆಕಾರದ್ದೇ ಆದ ‘ಝುನಾರಿ’ ಬಂತು. ನನಗೆ ಅತ್ಯಂತ ಇಷ್ಟವಾದದ್ದು ಈ ಬೋಳು ಶಿರಸ್ತ್ರಾಣವೇ. ಶ್ರೀಮಂತ ಸಂಗ್ರಾಹಕರ ಕಣ್ಣು ಮಾತ್ರ ಅದೇ ಕಾಲದ ವಿಚಿತ್ರ ಆಕಾರದವುಗಳ ಮೇಲೆ. ಕಬ್ಬಿಣದ ಸಾದಾ ಬುಡದ ಮೇಲೆ ಮರ, ತೊಗಲು, ಕಾಗದ, ಅರಗು ಬಳಸಿ ಶಂಖ, ಮೀನಿನ ಬಾಲ, ಮೊಲದ ಕಿವಿ ಹೀಗೆ ಏನೇನೋ ಕಟ್ಟುತ್ತಿದ್ದರು. ಕುರೊದಾ ಜೊಸುಯಿ ಎಂಬ ಸೇನಾಚತುರ ತೊಟ್ಟದ್ದು ಕವುಚಿ ಹಾಕಿದ ಕೆಂಪು ಬಟ್ಟಲಿನಾಕಾರದ್ದು. ಅದು ಈಗ ಮೊರಿಯೊಕಾ ನಗರದಲ್ಲಿದೆ. ಅವನ ಮಗ ನಗಮಾಸ ತನ್ನ ಕೋಣದ ಕೊಂಬಿನ ಕಬುತೊವನ್ನು ಜಗಳ ಮುಗಿದ ಗುರುತಿಗೆ ಫುಕುಶಿಮಾ ಮಸನೊರಿಗೆ ಕೊಟ್ಟು, ಅವನದ್ದನ್ನು ತಾನು ಪಡೆದನೆಂದು ಹೇಳುತ್ತಾರೆ. ಹೀಗೆ ಪಡೆದದ್ದು ಅದಕ್ಕೂ ಮೊದಲು ಮತ್ತೊಬ್ಬನದಾಗಿತ್ತಂತೆ. ಇಂಥದ್ದಕ್ಕೆ ಯಾರ ಹೆಸರಿನ ಚೀಟಿ ಅಂಟಿಸೋಣ?

ಕೆಲವು ಕಬುತೊಗಳ ಹಣೆಯಲ್ಲಿ ಗುಂಡು ತಾಗಿದ ತಗ್ಗು ಕಾಣುತ್ತದೆ. ಮೊದಲ ಸಲ ನೋಡಿದವರು ರೋಮಾಂಚನಗೊಳ್ಳುತ್ತಾರೆ. ಎಷ್ಟೋ ಸಲ ಅದು ಯುದ್ಧದ ಗುರುತೇ ಅಲ್ಲ. ಮಾರುವ ಮುನ್ನ ಕಮ್ಮಾರನೇ ಗುಂಡು ಹೊಡೆದು, ನೋಡಿ, ತೂರಲಿಲ್ಲ ಎಂದು ಆ ತಗ್ಗನ್ನು ಹಾಗೇ ಬಿಡುತ್ತಿದ್ದ. ಅದೊಂದು ಗ್ಯಾರಂಟಿ ಚೀಟಿ.

ನಿಜವಾದ ಚೀಟಿಗಳ ಕಾಲ ಬಂದದ್ದು 1615ರ ನಂತರ, ಎಡೊ ಕಾಲದ ದೀರ್ಘ ಶಾಂತಿಯಲ್ಲಿ. ಯುದ್ಧವಿಲ್ಲದ ಯೋಧರಿಗೆ ತಾತಂದಿರ ಶೌರ್ಯವೇ ಆಸ್ತಿ. ಮ್ಯೋಚಿನ್ ಎಂಬ ಕವಚಕಾರರ ಮನೆತನ ಇದನ್ನು ಚೆನ್ನಾಗಿ ಅರಿತುಕೊಂಡಿತು. ತಮ್ಮ ವಂಶ ಹನ್ನೆರಡನೇ ಶತಮಾನದಿಂದಲೂ ಇದೆ ಎಂದು ವಂಶಾವಳಿ ಕಟ್ಟಿ, ಸಹಿಯಿಲ್ಲದ ಹಳೆಯ ಹಚಿಗಳನ್ನು ಪರಿಶೀಲಿಸಿ ‘ಇದು ನಮ್ಮ ಇಂಥ ಹಿರಿಯನದು’ ಎಂದು ಪ್ರಮಾಣಪತ್ರ ಬರೆದುಕೊಡತೊಡಗಿದರು. ಆ ವಂಶಾವಳಿಯ ಹಳೆಯ ಭಾಗ ಬಹುಮಟ್ಟಿಗೆ ಕಟ್ಟುಕಥೆ ಎಂಬುದು ಇಂದಿನ ವಿದ್ವಾಂಸರ ಅಭಿಪ್ರಾಯ. ಅದೇ ಮನೆತನದ ನೊಬುಯಿಯೆ ಹದಿನಾರನೇ ಶತಮಾನದಲ್ಲಿ ನಿಜವಾಗಿಯೂ ಇದ್ದ ದೊಡ್ಡ ಕುಶಲಿ. ಹಾಗಾಗಿ ಅವನ ಸಹಿಯ ನಕಲುಗಳೇ ಹೆಚ್ಚು.

ಆ ಮನೆತನವನ್ನು ಬರೀ ಮೋಸಗಾರರೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರ ಕಬ್ಬಿಣದ ಕೆಲಸ ಸುಳ್ಳು ಹೇಳುವುದಿಲ್ಲ. ಸಮುರಾಯಿಗಳ ಕಾಲ ಮುಗಿದ ಮೇಲೆ ಹಿಮೆಜಿಯ ಮ್ಯೋಚಿನ್‌ಗಳು ಕೆಂಡ ಹಿಡಿಯುವ ಕಬ್ಬಿಣದ ಕಡ್ಡಿಗಳನ್ನು ಮಾಡಿ ಬದುಕಿದರು. ಒಲೆಗಳೂ ಹೋದ ಮೇಲೆ ಅದೇ ಕಡ್ಡಿಗಳನ್ನು ತೂಗುಹಾಕಿ ಗಾಳಿಗಂಟೆ ಮಾಡಿದರು. ಅದರ ನಾದ ಕೇಳಿದ್ದೇನೆ, ಧ್ವನಿಮುದ್ರಿಕೆಯಲ್ಲಿ. ಬಹಳ ಹೊತ್ತು ನಿಲ್ಲುತ್ತದೆ.

1868ರಲ್ಲಿ ಮೇಜಿ ಆಳ್ವಿಕೆ ಬಂತು. 1871ರಲ್ಲಿ ದೈಮ್ಯೊಗಳ ಸಂಸ್ಥಾನಗಳು ರದ್ದಾದವು. 1876ರಲ್ಲಿ ಸಮುರಾಯಿಗಳ ವರ್ಷಾಶನ ಹೋಗಿ ಕೈಗೆ ಸರ್ಕಾರಿ ಬಾಂಡು ಬಂತು. ಅದೇ ವರ್ಷ ಬೀದಿಯಲ್ಲಿ ಕತ್ತಿ ಧರಿಸುವುದೂ ನಿಷೇಧವಾಯಿತು. ಅಟ್ಟದ ಪೆಟ್ಟಿಗೆಯಿಂದ ಕಬುತೊ ಕೆಳಗಿಳಿದು ಅಂಗಡಿಗೆ ಹೋದದ್ದು ಆಗ. ಪಾಶ್ಚಾತ್ಯ ಮ್ಯೂಸಿಯಮ್ಮುಗಳ ಗಾಜಿನ ಹಿಂದೆ ಕಾಣುವ ಎಷ್ಟೋ ಶಿರಸ್ತ್ರಾಣಗಳು ಲೂಟಿಯಾದವಲ್ಲ, ಅಕ್ಕಿಗಾಗಿ ಮಾರಿದವು.

ಕೊಂಡವರಲ್ಲಿ ಇಬ್ಬರ ಬಗ್ಗೆ ಹೇಳಬೇಕು. ಫ್ಲಾರೆನ್ಸಿನ ಫ್ರೆಡರಿಕ್ ಸ್ಟಿಬರ್ಟ್ (1838–1906) ಕಟ್ಟಿದ ಸಂಗ್ರಹ ಯುರೋಪಿನ ಮುಖ್ಯ ಜಪಾನಿ ಕವಚ ಸಂಗ್ರಹಗಳಲ್ಲೊಂದು. ಅವನ ಐಶ್ವರ್ಯದ ಮೂಲ ಅಜ್ಜ ಗೈಲ್ಸ್ ಸ್ಟಿಬರ್ಟ್. ಈತ ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಪತಿಯಾಗಿದ್ದವನು. ಬಂಗಾಳದಲ್ಲಿ ಕೂಡಿಟ್ಟ ಹಣ, ಕಂಗಾಲಾದ ಸಮುರಾಯಿಯ ಕಬುತೊ, ಇಟಲಿಯ ಬಂಗಲೆ! ಇನ್ನೊಬ್ಬ ನ್ಯೂಯಾರ್ಕಿನ ಬ್ಯಾಶ್‌ಫರ್ಡ್ ಡೀನ್, ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ. ಅವನ ವಿಷಯ ಮೀನು, ಅದರಲ್ಲೂ ಎಲುಬಿನ ಕವಚ ತೊಟ್ಟ ಪುರಾತನ ಮೀನುಗಳ ಪಳೆಯುಳಿಕೆ. ಮೀನಿನ ಸಂಶೋಧನೆಗೆಂದು ಜಪಾನಿಗೆ ಹೋದವನು ಮನುಷ್ಯರ ಕವಚವನ್ನೂ ಕೂಡಿಸಿದ. 1904ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ ಆ ಸಂಗ್ರಹವನ್ನು ಪಡೆಯಿತು. ಮೊದಲ ಮಹಾಯುದ್ಧ ಬಂದಾಗ ಅವನು ಮ್ಯೂಸಿಯಮ್ಮಿನ ಕಮ್ಮಾರನನ್ನು ಜೊತೆಗಿಟ್ಟುಕೊಂಡು ಅಮೆರಿಕದ ಸೈನಿಕರಿಗೆ ಹೊಸ ಉಕ್ಕಿನ ಹೆಲ್ಮೆಟ್ಟುಗಳನ್ನು ವಿನ್ಯಾಸ ಮಾಡಿದ. ಯುದ್ಧ ಮುಗಿಯುವವರೆಗೂ ಸೈನ್ಯ ಅವನ್ನು ಒಪ್ಪಲಿಲ್ಲ.

ಅಂಥ ಉಕ್ಕಿನ ಹೆಲ್ಮೆಟ್ ಜಪಾನಿಗೂ ಬಂತು. ಸಂಗ್ರಾಹಕರು ‘ಟೈಪ್ 90’ ಎನ್ನುವುದು 1930ರ ಮಾದರಿಗೆ. ಜಪಾನಿ ಸಾಮ್ರಾಜ್ಯದ ಪಂಚಾಂಗದಲ್ಲಿ ಅದು 2590. ಹಣೆಯಲ್ಲಿ ನಕ್ಷತ್ರವಿದ್ದರೆ ಭೂಸೇನೆ, ಲಂಗರು ಇದ್ದರೆ ನೌಕಾಪಡೆ. ಚಂದ್ರನಿಲ್ಲ, ಕೊಂಬಿಲ್ಲ, ಎಲ್ಲರದ್ದೂ ಒಂದೇ. ಯುದ್ಧದ ನಂತರದ ಬರಗಾಲದಲ್ಲಿ ಎಷ್ಟೋ ಹೆಲ್ಮೆಟ್ಟುಗಳು ಅಡುಗೆ ಪಾತ್ರೆಗಳಾದವು. ಉಳಿದವುಗಳಲ್ಲಿ ಕೆಲವನ್ನು ತಿರುಗಿಸಿ ನೋಡಿದರೆ ಒಳಗೆ ಬಣ್ಣದಲ್ಲೋ ಶಾಯಿಯಲ್ಲೋ ಬರೆದ ಹೆಸರಿರುತ್ತದೆ. ಮಾರುಕಟ್ಟೆಯಲ್ಲಿ ಇದಕ್ಕೂ ಹೆಚ್ಚು ಬೆಲೆ.

ನನಗೆ ಇಲ್ಲಿ ಈ ಹವ್ಯಾಸದ ಬಗ್ಗೆ ಇರುವ ಮೆಚ್ಚುಗೆ ನಿಂತುಬಿಡುತ್ತದೆ. ಕಬುತೊಗೆ ಅಂಟಿದ ದೊಡ್ಡ ಹೆಸರನ್ನು ಹತ್ತು ಸಲ ಅನುಮಾನಿಸಬೇಕು. ಈ ಚಿಕ್ಕ ಹೆಸರನ್ನು ಬರೆದುಕೊಂಡವನು ಯಾರನ್ನೂ ಮೆಚ್ಚಿಸಲು ಬರೆದದ್ದಲ್ಲ, ತನ್ನದು ಇನ್ನೊಬ್ಬನದರೊಡನೆ ಬೆರೆಯದಿರಲಿ ಎಂದಷ್ಟೇ. 1944ರಲ್ಲಿ ಇಂಫಾಲ ಮತ್ತು ಕೊಹಿಮಾದ ಬೆಟ್ಟಗಳಲ್ಲಿ ಸುಮಾರು 30,000 ಜಪಾನಿ ಸೈನಿಕರು ಸತ್ತರು, ಗುಂಡಿಗಿಂತ ಹೆಚ್ಚಾಗಿ ಹಸಿವಿನಿಂದ, ಮಲೇರಿಯಾ ಮತ್ತು ಭೇದಿಯಿಂದ. ಆ ಯುದ್ಧದ ಅವಶೇಷಗಳು ಮಣಿಪುರದ ಮಣ್ಣಿನಲ್ಲಿ ಇನ್ನೂ ಸಿಗುತ್ತವೆ; 2019ರಲ್ಲಿ ಇಂಫಾಲದ ಹತ್ತಿರ ಅದಕ್ಕಾಗಿ ಶಾಂತಿ ಮ್ಯೂಸಿಯಂ ತೆರೆದಿದೆ. ಹೊರನಾಡಿನ ರಣರಂಗಗಳಲ್ಲಿ ಸತ್ತ ಸುಮಾರು 24 ಲಕ್ಷ ಜಪಾನಿಯರಲ್ಲಿ 11 ಲಕ್ಷಕ್ಕೂ ಹೆಚ್ಚು ಜನರ ಅಸ್ಥಿ ಇಂದಿಗೂ ಊರಿಗೆ ಮರಳಿಲ್ಲ. ಅನೇಕ ಮನೆಗಳಿಗೆ ಬಂದದ್ದು ಬಿಳಿ ಬಟ್ಟೆ ಸುತ್ತಿದ ಮರದ ಪೆಟ್ಟಿಗೆ. ಬಿಚ್ಚಿದರೆ ಒಳಗೆ ಒಂದು ಕಲ್ಲು, ಇಲ್ಲವೇ ಹೆಸರು ಬರೆದ ಒಂದು ಕಾಗದದ ತುಂಡು.