ನಡೆದುದನ್ನು ಮತ್ತೆ ನಡೆಸುವುದು

ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದಾಗ ಹಿರಿಯರ ಬಾಳನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಭಕ್ತವಿಶ್ವಾಸಿಗಳಲ್ಲಿ ಮೂಡುವುದು ಸಹಜವೇ ಸರಿ. ಮೆರವಣಿಗೆ, ಸ್ತಬ್ಧಚಿತ್ರ, ನಾಟಕಗಳ ಮೂಲಕ ಗತಕಾಲವನ್ನು ಮತ್ತೆ ನಡೆಸಿ ತೋರಿಸುವ ಈ ಪದ್ಧತಿಯನ್ನು ಪುನರಾಚರಣೆ ಎನ್ನಬಹುದು. ಇದರಿಂದ ನಮಗೆ ದೊರೆಯುವುದು ಬರಿಯ ನೋಟದ ಸುಖವೋ, ಹೊರಬೇಕಾದ ಹೊಣೆಯೋ ಎಂಬುದನ್ನು ಈ ಸ್ಮರಣ ಸಂಚಿಕೆಯಲ್ಲಿ ವಿವೇಚಿಸಬಯಸುತ್ತೇವೆ.

ಶ್ರೀಸಭೆಗೆ ಪುನರಾಚರಣೆ ಹೊಸದಲ್ಲ. 1223ರ ಕ್ರಿಸ್ತಜಯಂತಿಯಂದು ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೋ ಎಂಬಲ್ಲಿ ಹುಲ್ಲು ತುಂಬಿದ ಗೋದಲಿಯನ್ನಿರಿಸಿ, ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿ, ಬೆತ್ಲೆಹೇಮಿನ ಬಡತನವನ್ನು ಜನರ ಕಣ್ಣಮುಂದಿಟ್ಟರು. ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಯೂ ಶಿಲುಬೆಯ ಹಾದಿಯೂ ಪ್ರಭುವಿನ ನಡೆಯನ್ನು ನಾವು ಮತ್ತೆ ನಡೆಯುವ ಬಗೆಗಳು. ಆದರೆ ಬಲಿಪೂಜೆ ಕಡೆಯ ಭೋಜನದ ಅಭಿನಯವಲ್ಲ. ಕಲ್ವಾರಿಯಲ್ಲಿ ತನ್ನನ್ನು ಅರ್ಪಿಸಿಕೊಂಡ ಕ್ರಿಸ್ತನೇ ಪೂಜಾಪೀಠದ ಮೇಲೆಯೂ ಅರ್ಪಿತನಾಗುತ್ತಾನೆ, ಅರ್ಪಿಸುವ ರೀತಿ ಮಾತ್ರ ಬೇರೆ ಎಂದು ತ್ರೆಂತಿನ ಮಹಾಸಭೆ 1562ರಲ್ಲಿ ಬೋಧಿಸಿತು. ಅಲ್ಲಿ ಪ್ರೇಕ್ಷಕರೆಂಬುವರಿಲ್ಲ, ಎಲ್ಲರೂ ಭಾಗಿಗಳೇ.

ಪ್ರೇಕ್ಷಕರಾಗಿ ಉಳಿದರೆ ಒದಗುವ ಅಪಾಯಕ್ಕೆ ಜರ್ಮನಿಯ ಓಬರಾಮ್ಮೆರ್ಗೌ ಗ್ರಾಮದ ಪಾಡುಗಳ ನಾಟಕವೇ ಸಾಕ್ಷಿ. 1633ರಲ್ಲಿ ಪ್ಲೇಗಿನಿಂದ ಪಾರಾಗಲು ಹೊತ್ತ ಹರಕೆಯಂತೆ ಆ ಗ್ರಾಮದವರು 1634ರಲ್ಲಿ ಅದನ್ನು ಮೊದಲ ಬಾರಿ ಆಡಿದರು. ಭಕ್ತಿಯಿಂದ ಹುಟ್ಟಿದ ಆ ನಾಟಕದಲ್ಲಿಯೇ ಯೆಹೂದ್ಯರನ್ನು ದ್ವೇಷಿಸುವ ಚಿತ್ರಣವೂ ಬೆಳೆಯಿತು. ಪ್ರಭುವಿನ ಮರಣದ ದೋಷವನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸಕೂಡದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿದ ಮೇಲೆ, ಕಾಲಕ್ರಮದಲ್ಲಿ ಆ ನಾಟಕದ ಪಾಠವನ್ನು ತಿದ್ದಲಾಯಿತು. 2020ರಲ್ಲಿ ಆಗಬೇಕಿದ್ದ ಪ್ರದರ್ಶನ ಸಾಂಕ್ರಾಮಿಕ ರೋಗದ ನಿಮಿತ್ತ 2022ರಲ್ಲಿ ನಡೆಯಿತು. ಹರಕೆಯನ್ನು ಬಿಡದೆ ಹಗೆಯನ್ನು ಬಿಡಬಹುದೆಂಬುದು ಇದರಿಂದ ತಿಳಿದುಬರುತ್ತದೆ.

ಕಾನೂನಿನಲ್ಲಿಯೂ ಇದಕ್ಕೆ ಸಾದೃಶ್ಯವುಂಟು. ಹಳೆಯ ಕಾಯಿದೆಯನ್ನು ರದ್ದುಪಡಿಸಿ ಅದರ ವಿಧಿಯನ್ನು ಹೊಸ ಕಾಯಿದೆಯಲ್ಲಿ ಮರಳಿ ವಿಧಿಸಿದಾಗ, ಬೇರೆ ಉದ್ದೇಶ ತೋರದಿದ್ದಲ್ಲಿ, ಹಳೆಯದನ್ನು ಕುರಿತ ಉಲ್ಲೇಖಗಳು ಹೊಸದಕ್ಕೆ ಸಲ್ಲುತ್ತವೆಂದು 1897ರ ಜನರಲ್ ಕ್ಲಾಸಸ್ ಕಾಯಿದೆಯ 8ನೆಯ ಕಲಮು ಹೇಳುತ್ತದೆ. 1860ರ ದಂಡಸಂಹಿತೆಯ 302ನೆಯ ಕಲಮಿನಲ್ಲಿದ್ದ ಕೊಲೆಯ ಶಿಕ್ಷೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 103ನೆಯ ಕಲಮಿಗೆ ಬಂದಿತು. ಸಂಖ್ಯೆ ಬದಲಾಯಿತು; ಕಟ್ಟಳೆ ತಪ್ಪಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಮತ್ತೆ ವಿಧಿಸುವುದೆಂದರೆ ಹೊಣೆಯನ್ನು ಮುಂದುವರಿಸುವುದೇ ಆಗಿದೆ.

ಇತಿಹಾಸ, ಕಾನೂನು, ಸ್ಮರಣೆ ಈ ಮೂರೂ ಕೂಡಿದ ಸಾಕ್ಷ್ಯಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದರೆ ಸಾಕು. ಗಂಗರ ಮಂತ್ರಿ ಚಾವುಂಡರಾಯನು ಮಾಡಿಸಿದ ಗೊಮ್ಮಟಮೂರ್ತಿಗೆ 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನಡೆಯಿತು, 2018ರಲ್ಲಿಯೂ ಅಭಿಷೇಕವಾಯಿತು. ಮಂತ್ರಿಯ ಕೊಡಗಟ್ಟಲೆ ಹಾಲಿಗೆ ಪೂರ್ತಿ ನೆನೆಯದ ಮೂರ್ತಿ, ಬಡ ಗುಳ್ಳಕಾಯಜ್ಜಿಯ ಗುಕ್ಕು ಹಾಲಿಗೆ ನೆನೆಯಿತೆಂಬ ಐತಿಹ್ಯ ನಮ್ಮ ಸೀಮೆಯಲ್ಲಿ ಯಾರಿಗೆ ತಿಳಿಯದು? ಸುವಾರ್ತೆಯ ಬಡ ವಿಧವೆಯ ಎರಡು ಕಾಸುಗಳನ್ನು ಬಲ್ಲ ನಮಗೆ ಈ ಅಜ್ಜಿ ಅಪರಿಚಿತಳಲ್ಲ.

ಅದೇ ಊರಿನ ಭಂಡಾರಿ ಬಸದಿಯಲ್ಲಿ 1368ರ ಶಿಲಾಶಾಸನವೊಂದಿದೆ. ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಶ್ರೀವೈಷ್ಣವ ಹಿರಿಯರು ನೆರೆದಿದ್ದ ಸಭೆಯಲ್ಲಿ ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರಿಗೆ ಪಂಚಮಹಾವಾದ್ಯ, ಕಲಶಗಳ ಹಕ್ಕನ್ನು ಎತ್ತಿಹಿಡಿದನು. ಅಷ್ಟಕ್ಕೇ ನಿಲ್ಲಲಿಲ್ಲ. ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ ಎತ್ತಿ, ಬೆಳಗೊಳಕ್ಕೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣ ಬಸದಿಗಳಿಗೆ ಸುಣ್ಣ ಹೊಡೆಸುವ ಹೊಣೆ ತಿರುಮಲೆಯ ತಾತಯ್ಯನವರದಾಯಿತು. ದೂರು ಯಾರ ಮೇಲಿತ್ತೋ ಆ ಪಕ್ಷದ ಹಿರಿಯರಿಗೇ ಕಾವಲಿನ ಹೊಣೆ! ಕೈಗೂಡಿಸಿದ್ದು ಒಂದು ದಿನದ ದೃಶ್ಯ. ಅದನ್ನು ಕಾಯುವ ಕೆಲಸ ಮಾತ್ರ ವರ್ಷವರ್ಷವೂ ನಡೆಯಬೇಕಾಗಿತ್ತು.

ನಮ್ಮ ಶತಮಾನೋತ್ಸವಕ್ಕೆ ಈ ಕಲ್ಲು ಹೇಳುವ ಬುದ್ಧಿವಾದ ಇಷ್ಟೆ. ಸ್ತಬ್ಧಚಿತ್ರದಲ್ಲಿ ಗುರುಗಳೂ ದಾನಿಗಳೂ ಮಾತ್ರ ಕಂಡರೆ ಸಾಲದು. ಕಲ್ಲು ಹೊತ್ತವರು, ನೀರು ತಂದವರು, ಅಂಗಳ ಗುಡಿಸಿದವರು ಕೂಡ ಕಾಣಲಿ. ಅನ್ಯಮತದ ನೆರೆಯವರನ್ನು ಹಗೆಗಳಂತೆ ತೋರಿಸುವ ಒಂದು ಮಾತೂ ನಾಟಕದಲ್ಲಿ ನುಸುಳದಿರಲಿ. ವೇದಿಕೆಯ ಮೇಲೆ ಶಿಷ್ಯರ ಪಾದ ತೊಳೆಯುವ ಕ್ರಿಸ್ತನನ್ನು ತೋರಿಸಿ, ಹಬ್ಬದ ಊಟದ ಪಂಕ್ತಿಯಲ್ಲಿ ಜಾತಿ ನೋಡಿ ಎಲೆ ಹಾಕಿದರೆ, ನಾವು ಅಭಿನಯಿಸಿದ್ದು ಪ್ರಭುವಿನ ದೀನತೆಯನ್ನಲ್ಲ, ನಮ್ಮ ಕಪಟವನ್ನೇ. ವ್ಯಾಜ್ಯದಿಂದ ಮಾತು ಬಿಟ್ಟ ಸಹೋದರರು ಬಲಿಪೂಜೆಯಲ್ಲಿ ಸಮಾಧಾನದ ಕೈ ನೀಡಿದರೆ, ಬುಕ್ಕರಾಯನ ಸಭೆಯಲ್ಲಿ ಕೂಡಿದ ಕೈಗಳು ನಮ್ಮ ನಡುವೆ ಮತ್ತೆ ಕೂಡಿದಂತಾಗುವುದು. ಮನೆಗೊಂದು ಕಾಣಿಕೆಯನ್ನು ವರ್ಷವರ್ಷವೂ ತೆಗೆದಿಟ್ಟು, ಯಾವ ಮತದವರೇ ಆಗಲಿ, ನೆರೆಯ ಬಡವರ ಮನೆಯ ಸೋರುವ ಸೂರಿಗೆ ವಿನಿಯೋಗಿಸಿದರೆ ಇನ್ನೂ ಲೇಸು.

ಮೆರವಣಿಗೆಯ ದೀಪಗಳು ಆರಿದ ಮರುದಿನವೂ ನಡೆಯುವ ಆಚರಣೆಯೇ ಹಿರಿಯರ ಋಣವನ್ನು ತೀರಿಸಬಲ್ಲದು. ಅದಕ್ಕೆ ಬೇಕಾದ ಕೃಪೆಯನ್ನು ಪ್ರಭು ನಮ್ಮೆಲ್ಲರಿಗೂ ದಯಪಾಲಿಸಲಿ.