ಏಳು ತಂತಿಯ ವ್ಯಾಜ್ಯ

ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣವು ಜನಸಂಖ್ಯೆಯಿಂದಾಗಲಿ ವ್ಯಾಪಾರದಿಂದಾಗಲಿ ಹೆಸರಾದ ಊರಲ್ಲ. ಆದರೆ ಕಳೆದ ನೂರು ವರ್ಷಗಳ ಕರ್ಣಾಟಕ ಸಂಗೀತದ ಚರಿತ್ರೆಯನ್ನು ಬರೆಯಹೊರಟವನು, ವಿದ್ವಾಂಸರ ಹೆಸರುಗಳ ಮೊದಲಲ್ಲಿ ನಿಲ್ಲುವ 'ಆರ್.' ಎಂಬ ಅಕ್ಷರವು ಎಷ್ಟು ಸಲ ಈ ಒಂದೇ ಹಳ್ಳಿಯನ್ನು ಸೂಚಿಸುವುದೆಂಬುದನ್ನು ಕಂಡು ಬೆರಗಾಗದಿರಲಾರನು. 1920ರಲ್ಲಿ ಅಲ್ಲಿ ಜನಿಸಿದ ಆರ್. ಕೆ. ಶ್ರೀಕಂಠನ್, ಅವರ ಅಣ್ಣಂದಿರೂ ಪಿಟೀಲು ವಿದ್ವಾಂಸರೂ ಆದ ಆರ್. ಕೆ. ವೆಂಕಟರಾಮಶಾಸ್ತ್ರಿಗಳು, ವೈಣಿಕ ಆರ್. ಕೆ. ಸೂರ್ಯನಾರಾಯಣ, ರುದ್ರಪಟ್ಟಣ ಸೋದರರೆಂದೇ ಪ್ರಸಿದ್ಧರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಊರಿನಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಮಂದಿರವನ್ನು ಕಟ್ಟಿಸಿದ ಆರ್. ಕೆ. ಪದ್ಮನಾಭ, ಹೀಗೆ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಇಲ್ಲಿನ ಸಂಕೇತಿ ಬ್ರಾಹ್ಮಣರ ಮನೆತನಗಳಲ್ಲಿ ವೇದಪಾಠವೂ ಸಂಗೀತವೂ ಒಂದೇ ಜಗಲಿಯ ಮೇಲೆ ನಡೆದುಬಂದುದರ ಫಲವಿದೆಂದು ಹೇಳುವುದುಂಟು, ಇರಬಹುದು.

ವಿದ್ವಾಂಸರು ಇಷ್ಟು ದಟ್ಟವಾಗಿರುವ ಸೀಮೆಯಲ್ಲಿ ಕೇಳುವವರು ಅವರಿಗಿಂತಲೂ ಭಯಂಕರರಾಗಿರುವುದು ಸಹಜವೇ. ರಾಮನವಮಿಯ ಚಪ್ಪರದಲ್ಲಿ ಕಚೇರಿ ಮುಗಿದು, ಪಾನಕ ಕೋಸಂಬರಿಗಳ ವಿನಿಯೋಗವಾದ ಮೇಲೆ ಆರಂಭವಾಗುವ ಎರಡನೆಯ ಕಚೇರಿಯೊಂದಿದೆ. ಅದರಲ್ಲಿ ಹಾಡುವವರಿಲ್ಲ, ಎಲ್ಲರೂ ತೀರ್ಪುಗಾರರೇ. ಗಾಯಕನ ಗುಣದೋಷಗಳು ಎಲ್ಲರ ಕಿವಿಗೂ ಎದ್ದು ತೋರುವಂಥವಾದುದರಿಂದ ಆ ಚರ್ಚೆ ಬೇಗನೆ ಮುಗಿಯುತ್ತದೆ. ಆದರೆ ಪಕ್ಕವಾದ್ಯದವರಲ್ಲಿ ಯಾರು ಮೇಲು, ಯಾರನ್ನು ಮುಂದಿನ ವರ್ಷ ಕರೆಸಲೇಕೂಡದು ಎಂಬ ಪ್ರಶ್ನೆ ಎದ್ದಿತೆಂದರೆ ರಾತ್ರಿ ಸಾಲದು. ಏಕೆಂದರೆ ಪಕ್ಕವಾದ್ಯದವನ ಗುಣವು, ಅವನು ಮಾಡಿದ್ದರಲ್ಲಿ ಎಷ್ಟೋ ಅಷ್ಟೇ ಅವನು ಮಾಡದೆ ಬಿಟ್ಟುದರಲ್ಲಿಯೂ ಇರುತ್ತದೆ. ಬಿಟ್ಟುದನ್ನು ಕುರಿತು ವಾದಿಸುವುದಕ್ಕೆ ಕೊನೆಯೆಲ್ಲಿ?

ಈ ವಾದಗಳಲ್ಲಿ ಅತ್ಯಂತ ದೀರ್ಘಾಯುವಾದುದು ಮೈಸೂರು ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲನ್ನು ಕುರಿತದ್ದು. ಅದರ ಹಿನ್ನೆಲೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಪಿಟೀಲು ನಮಗೆ ಪರದೇಶದಿಂದ ಬಂದದ್ದು. ಬಾಲಸ್ವಾಮಿ ದೀಕ್ಷಿತರು ಮತ್ತು ವಡಿವೇಲು ಮೊದಲಾದವರ ಕೈಯಲ್ಲಿ, ಹದಿನೆಂಟನೆಯ ಶತಮಾನದ ಕೊನೆಗೂ ಹತ್ತೊಂಬತ್ತರ ಆದಿಭಾಗಕ್ಕೂ ನಡುವೆ, ಅದು ನಮ್ಮ ಸಂಗೀತಕ್ಕೆ ಒಗ್ಗಿತು. ಆದರೆ ಐರೋಪ್ಯರ ವಾದ್ಯಕುಟುಂಬದಲ್ಲಿ ಪಿಟೀಲಿಗೆ ವಯೋಲ, ಚೆಲ್ಲೊ, ಡಬಲ್ ಬೇಸ್ ಎಂಬ ಮೂವರು ಅಣ್ಣಂದಿರಿದ್ದರು. ನಾವು ಕಿರಿಯವನೊಬ್ಬನನ್ನು ಮಾತ್ರ ಮನೆಗೆ ಕರೆದುಕೊಂಡು ಬಂದು, ಹಿರಿಯರನ್ನು ಬಾಗಿಲಲ್ಲೇ ಬಿಟ್ಟೆವು. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗೋಷ್ಠಿಯನ್ನು ಪೋಷಿಸಿದ ಮಹಾರಾಜರು ಆ ಹಿರಿಯರ ಮಂದ್ರದ, ಎಂದರೆ ಕೆಳಸ್ಥಾಯಿಯ, ಗಂಭೀರನಾದವನ್ನು ಕೇಳಿದ್ದರು. ಅರಕಲಗೂಡಿನ, ಹೊಳೆನರಸೀಪುರದ ರಸಿಕರಿಗೆ ಅದು ದಕ್ಕಲಿಲ್ಲ. ನಮ್ಮಲ್ಲಿ ಮಂದ್ರದ ಭಾರವನ್ನು ಹೊತ್ತದ್ದು ತಂಬೂರಿಯ ಕೊನೆಯ ತಂತಿ, ವೀಣೆಯ ಮಂದ್ರ ಮತ್ತು ಅನುಮಂದ್ರ ತಂತಿಗಳು, ಮೃದಂಗದ ಎಡಮುಖ, ಇಷ್ಟೇ. ವೀಣೆಯ ಈ ಕೆಳದನಿಯ ಸೌಖ್ಯವನ್ನು ಬಲ್ಲವರಿಗೆ, ಇದೇ ಹಾಸನ ಜಿಲ್ಲೆಯ ಗದ್ದವಳ್ಳಿಯಲ್ಲಿ 1920ರಲ್ಲಿ ಹುಟ್ಟಿದ ವಿ. ದೊರೆಸ್ವಾಮಿ ಅಯ್ಯಂಗಾರ್ಯರ ತಾನವನ್ನು ನೆನೆದರೆ ಸಾಕು, ಹೆಚ್ಚಿಗೆ ಹೇಳಬೇಕಾಗಿಲ್ಲ.

ಹೀಗಿರುವಾಗ, 1895ರಲ್ಲಿ ತಿರುಮಕೂಡಲಿನಲ್ಲಿ ಜನಿಸಿ, ಬಿಡಾರಂ ಕೃಷ್ಣಪ್ಪನವರ ಕಠಿಣಶಿಕ್ಷಣದಲ್ಲಿ ಬೆಳೆದ ಚೌಡಯ್ಯನವರಿಗೆ ಒಂದು ಚಿಂತೆ ಹತ್ತಿತು. ಆಗ ಧ್ವನಿವರ್ಧಕವಿರಲಿಲ್ಲ. ಚಪ್ಪರದ ಕೊನೆಯಲ್ಲಿ ಕುಳಿತವನಿಗೆ ಗಾಯಕನ ಕಂಠವೂ ಮೃದಂಗದ ಹೊಡೆತವೂ ಮುಟ್ಟುತ್ತಿದ್ದುವೇ ಹೊರತು ಪಿಟೀಲಿನ ನಾದ ನಡುದಾರಿಯಲ್ಲೇ ಕರಗಿಹೋಗುತ್ತಿದ್ದಿತು. 1927ರ ವೇಳೆಗೆ ಅವರು ರೂಢಿಯ ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಜೊತೆಗೂಡಿಸಿ, ಕಮಾನಿನ ಒಂದೇ ಎಳೆತಕ್ಕೆ ಸ್ವರವೂ ಅದರ ಕೆಳಸ್ಥಾಯಿಯ ಸ್ವರವೂ ಒಟ್ಟಿಗೆ ಮೊಳಗುವಂತೆ ಮಾಡಿದರು. ಗುರುಗಳಿಗೆ ಮುಂಚಿತವಾಗಿ ತಿಳಿಸುವ ಧೈರ್ಯ ಸಾಲದೆ ಕಚೇರಿಯಲ್ಲಿಯೇ ಅದನ್ನು ನುಡಿಸತೊಡಗಿದರೆಂದೂ, ಕೆಲಕಾಲದ ಮೇಲೆ ಕೃಷ್ಣಪ್ಪನವರು ವಾದ್ಯವನ್ನು ದಿಟ್ಟಿಸಿ ನೋಡಿ, ವಿಷಯವನ್ನರಿತು, ಒಪ್ಪಿಕೊಂಡರೆಂದೂ ಕಥೆಯುಂಟು. ಗುರು ಒಪ್ಪಿದರೂ ಲೋಕವೆಲ್ಲ ಒಪ್ಪಲಿಲ್ಲ.

ಒಪ್ಪದವರ ಆಕ್ಷೇಪಗಳು ಹಗುರವಾದುವಲ್ಲ. ಒಂದು ಬೆರಳಿನಿಂದ ಎರಡು ತಂತಿಗಳನ್ನು ಒತ್ತಿದಾಗ ಎರಡೂ ಒಂದೇ ಕೂದಲೆಳೆಯ ಸ್ಥಾನದಲ್ಲಿ ನಿಲ್ಲುವುದು ದುಸ್ಸಾಧ್ಯ. ದಪ್ಪತಂತಿಗೂ ಸಣ್ಣತಂತಿಗೂ ಬೇಕಾದ ಒತ್ತಡ ಬೇರೆ. ಗಮಕದ ಸೂಕ್ಷ್ಮಗತಿಯಲ್ಲಿ ಒಂದು ಮುಂದಾಗಿ ಮತ್ತೊಂದು ಹಿಂದುಳಿದರೆ ಶ್ರುತಿಶುದ್ಧಿಗೆ ಭಂಗ. ಎಲ್ಲಕ್ಕಿಂತ ಮಿಗಿಲಾಗಿ, ಪಕ್ಕದಲ್ಲಿ ಕುಳಿತವನ ನಾದವು ನಡುವೆ ಕುಳಿತವನದಕ್ಕಿಂತ ಹೆಚ್ಚಾಗಬಾರದೆಂಬುದು ಸಭಾಮರ್ಯಾದೆ. ಇಂಥವರ ಪ್ರೀತಿ ಸಹಜವಾಗಿ ದ್ವಾರಂ ವೆಂಕಟಸ್ವಾಮಿ ನಾಯುಡು ಅವರ ಮಧುರವಾದ ಕಮಾನಿನ ಕಡೆಗೆ, ಅಥವಾ ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆಯವರ ವಿನಯಶೀಲವಾದ ಅನುಸರಣೆಯ ಕಡೆಗೆ ಹರಿಯಿತು. (ಆಂಧ್ರರ ಹೆಮ್ಮೆಯಾದ ದ್ವಾರಂ ಅವರು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1893ರಲ್ಲಿ, ಎಂಬುದನ್ನು ಚೌಡಯ್ಯನವರ ಪಕ್ಷದವರು ವಾದದ ನಡುವೆ ಮರೆತೇಬಿಡುತ್ತಿದ್ದರು.) ಚೌಡಯ್ಯನವರ ಪಕ್ಷದವರದಾದರೋ ಒಂದೇ ಉತ್ತರ: ಚೆಂಬೈ ವೈದ್ಯನಾಥ ಭಾಗವತರಂಥ ಕಂಚಿನ ಕಂಠದ ಪಕ್ಕದಲ್ಲಿ ಕುಳಿತು ಸರಿಸಮನಾಗಿ ಮೊಳಗಬಲ್ಲ ಪಿಟೀಲು ಬೇರೆ ಯಾವುದಿದೆ, ತೋರಿಸಿ. ಈ ಉತ್ತರದಲ್ಲಿ ತರ್ಕಕ್ಕಿಂತ ಅಭಿಮಾನ ಹೆಚ್ಚೆಂದು ತೋರಬಹುದು. ಆದರೆ 1943ರಲ್ಲಿ ಚೌಡಯ್ಯನವರೇ ನಿರ್ಮಿಸಿದ 'ವಾಣಿ' ಚಿತ್ರದಲ್ಲಿ ಚೆಂಬೈಯವರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಒಟ್ಟಿಗೆ ಸೇರಿದುದನ್ನು ಕೇಳಿದವನು ಅದನ್ನು ಸುಲಭವಾಗಿ ತಳ್ಳಿಹಾಕಲಾರನು.

ಮಣಿ ಅಯ್ಯರ್ ಎಂದೊಡನೆ ಮೃದಂಗದ ವ್ಯಾಜ್ಯವೂ ನೆನಪಾಗುತ್ತದೆ. ಮೃದಂಗದ ಎಡಮುಖಕ್ಕೆ, ಎಂದರೆ ತೊಪ್ಪಿಗೆ, ರವೆಯನ್ನು ನೀರಿನಲ್ಲಿ ಕಲಸಿ ಮೆತ್ತಿ ಅದರ ದನಿಯನ್ನು ತಗ್ಗಿಸುವರು; ಅಂಗೈಯ ಬುಡದಿಂದ ಅದನ್ನು ಉಜ್ಜಿ ಎಬ್ಬಿಸುವ ಗುಮಕಿಯೇ ನಮ್ಮ ಲಯದ ಮಂದ್ರಸ್ಥಾಯಿ. ಇದರಲ್ಲಿ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರನ್ನು ಮೀರಿಸಿದವರಿಲ್ಲವೆಂದು ಒಂದು ಪಕ್ಷ. ಕೃತಿಯ ಗತಿಯನ್ನೇ ಅನುಸರಿಸಿ ನುಡಿಸುವ ಮಣಿ ಅಯ್ಯರ್ ಅವರ ಪ್ರತಿಭೆಯ ಮುಂದೆ ಉಳಿದುದೆಲ್ಲ ಅಭ್ಯಾಸವೆಂದು ಮತ್ತೊಂದು ಪಕ್ಷ. ಪಳನಿಯವರು ಎಡಚರಾದುದರಿಂದ ವೇದಿಕೆಯ ಮೇಲೆ ಆಚೀಚೆ ಕುಳಿತುಕೊಳ್ಳುವ ಕ್ರಮವೇ ಬದಲಾಗಬೇಕಾಗಿ, ಹಲವು ಪಿಟೀಲು ವಿದ್ವಾಂಸರು ಅದಕ್ಕೆ ಒಪ್ಪದಿದ್ದಾಗ, ಅವರನ್ನು ಬಿಡದೆ ಕರೆಸಿಕೊಂಡವರು ಅದೇ ಚೆಂಬೈ ಭಾಗವತರು. ಆ ಪುಣ್ಯಾತ್ಮರ ಕಿವಿಗೆ ಕೆಳದನಿಯ ಮೇಲೆ ಒಂದು ವಿಶೇಷವಾದ ಪಕ್ಷಪಾತವಿದ್ದಿತೋ ಏನೋ ಎಂದು ನನಗೆ ಅನೇಕ ಸಲ ಅನಿಸಿದೆ.

ಮರಳಿ ಪಿಟೀಲಿಗೆ ಬರೋಣ. ಚೌಡಯ್ಯನವರ ಶಿಷ್ಯರಲ್ಲಿ ಏಳು ತಂತಿಯ ಭಾರವನ್ನು ಹೆಗಲಿಗೇರಿಸಿಕೊಂಡು ಜೀವನಪರ್ಯಂತ ಹೊತ್ತವರು ಇದೇ ರುದ್ರಪಟ್ಟಣದ ಆರ್. ಆರ್. ಕೇಶವಮೂರ್ತಿಗಳು. ಗುರುವಿನ ಕಾಲಕ್ಕೆ ಆ ವಾದ್ಯಕ್ಕೆ ಒಂದು ಕಾರಣವಿತ್ತು. ಶಿಷ್ಯರು ಪ್ರೌಢರಾಗುವ ವೇಳೆಗೆ ಆ ಕಾರಣವೇ ಇಲ್ಲವಾಗಿದ್ದಿತು. 1930ರ ದಶಕದಲ್ಲಿ ಮದರಾಸಿನ ಸಭೆಗಳಲ್ಲಿ ಕಾಣಿಸಿಕೊಂಡ ಧ್ವನಿವರ್ಧಕವು ಕ್ರಮೇಣ, ವಿದ್ಯುಚ್ಛಕ್ತಿಯ ಬೆನ್ನು ಹಿಡಿದು, ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಚಪ್ಪರಗಳಿಗೂ ಬಂದಿತು. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಆಕಾಶವಾಣಿಯೂ ಅದರ ತರುವಾಯದ ನಿಲಯಗಳೂ ಕಚೇರಿಯನ್ನು ಮನೆಯ ನಡುಮನೆಗೇ ತಂದುವು. ನಾಲ್ಕು ತಂತಿಯ ಅತಿಸೂಕ್ಷ್ಮನಾದವೂ ಈಗ ಕಟ್ಟಕಡೆಯ ಸಾಲಿಗೆ ಸಲೀಸಾಗಿ ಮುಟ್ಟುತ್ತಿರಲು, ಏಳು ತಂತಿಯನ್ನು ಪಳಗಿಸುವ ಶ್ರಮವನ್ನು ಯಾರು ಏಕೆ ಪಡಬೇಕು? ಲಾಲ್ಗುಡಿ ಜಯರಾಮನ್, ಟಿ. ಎನ್. ಕೃಷ್ಣನ್, ಎಂ. ಎಸ್. ಗೋಪಾಲಕೃಷ್ಣನ್ ಎಂಬ ಮೂವರ ಯುಗ ಬಂದಾಗ ವಾದದ ವಿಷಯವೇ ಬದಲಾಗಿ, ಮೂವರಲ್ಲಿ ಯಾರೆಂಬುದಾಯಿತೇ ಹೊರತು ನಾಲ್ಕೋ ಏಳೋ ಎಂಬುದು ಉಳಿಯಲಿಲ್ಲ. ಧ್ವನಿವರ್ಧಕವನ್ನು ದ್ವೇಷಿಸಿ, ಅದಿಲ್ಲದ ಕಚೇರಿಗಳಿಗಾಗಿ ಹಟ ಹಿಡಿದ ಮಣಿ ಅಯ್ಯರ್ ಅವರ ಹೋರಾಟವೂ ಗೆಲ್ಲಲಿಲ್ಲ.

ಇದೇ ಯಂತ್ರವು ಭೂಮಿಯ ಇನ್ನೊಂದು ಬದಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಕಾರ್ಯವನ್ನು ಮಾಡಿತೆಂಬುದು ಚರಿತ್ರೆಯ ವಿನೋದ. ಅಮೆರಿಕೆಯ ವಾದ್ಯವೃಂದಗಳಲ್ಲಿ ಆಳೆತ್ತರದ ಡಬಲ್ ಬೇಸ್, ವಿದ್ಯುದ್ಗಿಟಾರುಗಳ ಅಬ್ಬರದಲ್ಲಿ ಕೇಳಿಸದೆ ಹೋಗುತ್ತಿರಲು, ಲಿಯೊ ಫೆಂಡರ್ ಎಂಬವರು 1951ರಲ್ಲಿ ಕೈಯಲ್ಲಿ ಹಿಡಿದು ನುಡಿಸಬಹುದಾದ, ವಿದ್ಯುತ್ತಿನಿಂದ ಮೊಳಗುವ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಇಲ್ಲಿ ಮಂದ್ರದ ತಂತಿಗಳನ್ನು ಅನಾವಶ್ಯಕವೆನಿಸಿದ ಧ್ವನಿವರ್ಧಕವು ಅಲ್ಲಿ ಮಂದ್ರಕ್ಕೆ ಹೊಸ ವಾದ್ಯವನ್ನೇ ಹಡೆಯಿತು. ಬೆಂಗಳೂರಿನ ಕಾಲೇಜುಗಳಿಂದ ರಜೆಗೆ ಊರಿಗೆ ಬರುವ ತರುಣರು ಹಾಸನದ ಹೋಟೆಲುಗಳಲ್ಲಿ ಕಾಫಿಯ ಲೋಟವನ್ನು ಆರಲು ಬಿಟ್ಟು, ಬೇಸ್ ವಾದಕರಲ್ಲಿ ತಮಗೆ ಪ್ರಿಯನಾರು ಅಪ್ರಿಯನಾರು ಎಂದು ವಾದಿಸುವುದನ್ನು ಕೇಳಿದರೆ, ಹೆಸರುಗಳಷ್ಟೇ ಬೇರೆ, ವಾದ ನಮ್ಮದೇ. ಜೇಮ್ಸ್ ಜೇಮರ್ಸನ್ ಎಂಬವನು ಒಂದೇ ತೋರುಬೆರಳಿನಿಂದ ಮಿಡಿದ ಕೆಳದನಿಯ ಮೇಲೆ ಒಂದು ಸಂಸ್ಥೆಯ ಧ್ವನಿಮುದ್ರಿಕೆಗಳೆಲ್ಲ ನಿಂತಿದ್ದುವಾದರೂ, 1971ರವರೆಗೆ ಅವನ ಹೆಸರು ಅವುಗಳ ಮೇಲೆ ಅಚ್ಚಾದುದು ಇಲ್ಲವೆನ್ನುವಷ್ಟು ಅಪರೂಪ. ಜ್ಯಾಕೊ ಪಾಸ್ಟೋರಿಯಸ್ ಎಂಬವನು ಗಿಟಾರಿನ ಮೆಟ್ಟಿಲುಗಳನ್ನೇ ಕಿತ್ತು, ಪಿಟೀಲಿನಂತೆ ಬೆರಳು ಜಾರಿಸಿ ನುಡಿಸಿದನು. ಮೊದಲನೆಯವನನ್ನು ಮೆಚ್ಚುವವರು ಎರಡನೆಯವನ ಮೇಲೆ ಹೊರಿಸುವ ಅಪವಾದ, ಪಕ್ಕದಲ್ಲಿರಬೇಕಾದವನು ನಡುವಿಗೆ ಬಂದನೆಂಬುದು. ಚೌಡಯ್ಯನವರ ಮೇಲೆ ಹೊರಿಸಿದುದೂ ಇದನ್ನೇ ಅಲ್ಲವೇ? 1981ರ 'ಗೀತಾ' ಚಿತ್ರದಲ್ಲಿ ಇಳಯರಾಜರು ಹರಿಯಬಿಟ್ಟ ಬೇಸ್ ಗಿಟಾರಿನ ಓಟವನ್ನು ಎಂದೂ ಹೆಸರಿಟ್ಟು ಗುರುತಿಸದೆಯೇ ಗುನುಗಿದ ನಮ್ಮವರು, ತಾವು ಮಂದ್ರವನ್ನು ಮೆಚ್ಚಿದೆವೆಂಬುದನ್ನೂ ಅರಿಯರು.

ಈ ಮೆಚ್ಚುಗೆಗೆ ಸಾಹಿತ್ಯದ ಸಾಕ್ಷ್ಯವೂ ನಮ್ಮ ಸೀಮೆಯಲ್ಲೇ ಉಂಟು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು, ಸಂಗೀತಗಾರನೊಬ್ಬನ ಕಲೆಗೂ ಬಾಳಿಗೂ ನಡುವಣ ಕಂದಕವನ್ನು ಚಿತ್ರಿಸಿದ ತಮ್ಮ ಕಾದಂಬರಿಗೆ ಇಟ್ಟ ಹೆಸರು 'ಮಂದ್ರ'. ಅದಕ್ಕೆ 2010ರ ಸಾಲಿನ ಸರಸ್ವತಿ ಸಮ್ಮಾನ್ ಸಂದಿತು. ಅದು ಹಿಂದುಸ್ತಾನಿ ಪದ್ಧತಿಯ ಕಥೆಯಾದುದರಿಂದ ನಮ್ಮ ವ್ಯಾಜ್ಯಕ್ಕೆ ನೇರವಾಗಿ ಸೇರದು.

ಇನ್ನು ನನ್ನ ತೀರ್ಪು. ಶ್ರುತಿಶುದ್ಧಿಯ ಆಕ್ಷೇಪವು ಏಳು ತಂತಿಯನ್ನು ಅರೆಮನಸ್ಸಿನಿಂದ ಹಿಡಿದವರಿಗೆ ಸಲ್ಲುವುದೇ ಹೊರತು, ಅದನ್ನು ಪಳಗಿಸಿದವರಿಗೆ ಸಲ್ಲದು. ನಾದವು ಗಾಯಕನನ್ನು ಮೀರುವುದೆಂಬ ದೂರು ವಾದಕನ ವಿವೇಕವನ್ನು ಕುರಿತದ್ದೇ ಹೊರತು ವಾದ್ಯವನ್ನು ಕುರಿತದ್ದಲ್ಲ. ನಾವು ಏಳು ತಂತಿಯನ್ನು ಬಿಟ್ಟುದು ಅದು ಸೋತಿತೆಂದಲ್ಲ, ಅದರ ಕೆಲಸವನ್ನು ಯಂತ್ರವೊಂದು ಅಗ್ಗವಾಗಿ ಮಾಡತೊಡಗಿತೆಂದು; ಆದರೆ ಯಂತ್ರವು ಸದ್ದನ್ನು ದೊಡ್ಡದು ಮಾಡಿಕೊಟ್ಟಿತಲ್ಲದೆ, ಒಂದು ಸ್ವರದ ಅಡಿಯಲ್ಲಿ ಅದರದೇ ಕೆಳಸ್ಥಾಯಿಯನ್ನು ಇಟ್ಟು ಕೊಡಲಿಲ್ಲ. ಆ ತುಂಬುತನದ ನಷ್ಟವನ್ನು ನಾವು ಲೆಕ್ಕಕ್ಕೆ ಹಿಡಿಯಲೇ ಇಲ್ಲ. 1957ರಲ್ಲಿ ಸಂಗೀತ ಕಲಾನಿಧಿಯಾಗಿ, 1967ರಲ್ಲಿ ತೀರಿಕೊಂಡ ಚೌಡಯ್ಯನವರಿಗೆ ಬೆಂಗಳೂರಿನಲ್ಲಿ ಅವರ ವಾದ್ಯದ ಆಕಾರದ ಭವನವೇ ಸ್ಮಾರಕವಾಗಿ ನಿಂತಿದೆ, ಆ ಆಕಾರದಲ್ಲಿ ಏಳು ತಂತಿಗಳೂ ಇವೆ. ಆದರೆ ಅದರೊಳಗಿನ ವೇದಿಕೆಯ ಮೇಲೆ ಇಂದು ಕುಳಿತುಕೊಳ್ಳುವ ಪಿಟೀಲುಗಳಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ.

ಪ್ರಿಯ ಯಾರು ಎಂದು ನನ್ನನ್ನು ಕೇಳುವವರಿಗೆ, ಗುರುವಿಗಿಂತ ಒಂದು ಕೂದಲೆಳೆಯಷ್ಟು ಮುಂದೆ ಶಿಷ್ಯ ಕೇಶವಮೂರ್ತಿಗಳನ್ನೇ ಹೇಳುವೆನು. ಕಾರಣವು ಇಲ್ಲವಾದ ಮೇಲೆಯೂ ನಾದಕ್ಕಾಗಿಯೇ ಆ ವಾದ್ಯವನ್ನು ಹಿಡಿದುಕೊಂಡು, ತೊಂಬತ್ತನ್ನು ದಾಟಿದ ವಯಸ್ಸಿನಲ್ಲಿ 2006ರಲ್ಲಿ ಅವರು ತೀರಿಕೊಂಡರು. ಅಪ್ರಿಯರ ಹೆಸರನ್ನು ಹೇಳುವ ಅಭ್ಯಾಸ ನನಗಿಲ್ಲ. ನನ್ನೊಡನೆ ವಾದಿಸಬಯಸುವ ಓದುಗರು ಮೊದಲು ಈ ಇಬ್ಬರ ಹಳೆಯ ಧ್ವನಿಮುದ್ರಿಕೆಗಳನ್ನು, ಮೇಲಿನ ತಂತಿಯನ್ನು ಬಿಟ್ಟು ಕೆಳಗಿನದರ ಮೇಲೆಯೇ ಕಿವಿಯಿಟ್ಟು, ಒಂದು ಸಲವಾದರೂ ಕೇಳಿ ಬರಬೇಕೆಂದು ಪ್ರಾರ್ಥನೆ.