ಎವರೆಸ್ಟ್ ಹತ್ತಲು ಎಷ್ಟು ಸೀಮೆಎಣ್ಣೆ ಬೇಕು?

1922ರ ಮೇ 21, ರಾತ್ರಿ ಹನ್ನೊಂದೂವರೆ. ಎವರೆಸ್ಟಿನ ಉತ್ತರ ಮಗ್ಗುಲಿನ ನಾರ್ತ್ ಕೋಲ್ ಶಿಬಿರಕ್ಕೆ ನಾಲ್ವರು ತೂರಾಡುತ್ತಾ ಇಳಿದು ಬಂದರು: ಜಾರ್ಜ್ ಮ್ಯಾಲರಿ, ಎಡ್ವರ್ಡ್ ನಾರ್ಟನ್, ಹೋವರ್ಡ್ ಸಾಮರ್ವೆಲ್, ಹೆನ್ರಿ ಮೋರ್ಸ್‌ಹೆಡ್. ಅವರಲ್ಲಿ ಮೊದಲ ಮೂವರು ಅಂದು 8,200 ಮೀಟರಿಗೂ ಮೇಲಕ್ಕೆ ಹೋಗಿದ್ದರು. ಅಲ್ಲಿಯವರೆಗೆ ಯಾವ ಮನುಷ್ಯನೂ ಅಷ್ಟು ಎತ್ತರ ಹತ್ತಿದ ದಾಖಲೆ ಇರಲಿಲ್ಲ. ಮೋರ್ಸ್‌ಹೆಡ್‌ನ ಬೆರಳುಗಳು ಹಿಮಕ್ಕೆ ಸೆಟೆದು ಕಪ್ಪಾಗಿದ್ದವು. ನಾಲ್ವರಿಗೂ ಊಟದ ಯೋಚನೆ ಇರಲಿಲ್ಲ, ಬೇಕಾಗಿದ್ದದ್ದು ನೀರು. ಡೇರೆಯೊಳಗೆ ತಡಕಾಡಿದರೆ ಅಡುಗೆ ಪಾತ್ರೆಗಳೇ ಇಲ್ಲ. ಹೊರೆಯಾಳುಗಳು ಅವನ್ನು ಕೆಳಗಿನ ಶಿಬಿರಕ್ಕೆ ಒಯ್ದಿದ್ದರು. ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಹಿಮ. ಅದನ್ನು ಕರಗಿಸಲು ಒಂದು ಪಾತ್ರೆ ಇಲ್ಲ.

ಕೊನೆಗೆ ನಾರ್ಟನ್ ಒಂದು ಉಪಾಯ ಮಾಡಿದ. ಡಬ್ಬಿಯಲ್ಲಿದ್ದ ಸ್ಟ್ರಾಬೆರಿ ಜಾಮ್, ಹೆಪ್ಪುಗಟ್ಟಿದ ಡಬ್ಬಿ ಹಾಲು, ಒಂದಷ್ಟು ಹಿಮ ಮೂರನ್ನೂ ಕಲಸಿದ. ಜಗತ್ತಿನ ದಾಖಲೆ ಮುರಿದ ರಾತ್ರಿ ಆ ನಾಲ್ವರ ಬಾಯಾರಿಕೆ ತಣಿಸಿದ್ದು ಈ ಐಸ್‌ಕ್ರೀಮು.

ಎವರೆಸ್ಟ್ ಇತಿಹಾಸವನ್ನು ಸಾಮಾನ್ಯವಾಗಿ ಧೈರ್ಯದ ಕಥೆಯಾಗಿ ಹೇಳುತ್ತಾರೆ. ಕೆಲವರು ಆಮ್ಲಜನಕದ ಸಿಲಿಂಡರುಗಳ ಕಥೆಯಾಗಿ ಹೇಳುತ್ತಾರೆ. ಎರಡೂ ತಪ್ಪಲ್ಲ. ಆದರೆ ಅದೇ ಇತಿಹಾಸವನ್ನು ಒಲೆ, ಪಾತ್ರೆ, ಸೀಮೆಎಣ್ಣೆಗಳ ಕಡೆಯಿಂದ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಮೂವತ್ತು ವರ್ಷ ಆ ಪರ್ವತ ಹತ್ತಲು ಹೋದವರು ಏನು ತಿನ್ನಬೇಕು ಎಂದು ಬಹಳ ತಲೆ ಕೆಡಿಸಿಕೊಂಡರು. ಎಷ್ಟು ಕುಡಿಯಬೇಕು ಎಂದು ಲೆಕ್ಕ ಹಾಕಿದವರು ಇರಲಿಲ್ಲ.

ಶಾಂಪೇನ್ ಇತ್ತು, ನೀರಿರಲಿಲ್ಲ

1920ರ ದಶಕದ ಬ್ರಿಟಿಷ್ ತಂಡಗಳ ಸಾಮಾನಿನ ಪಟ್ಟಿ ಇಂದು ಓದಿದರೆ ನಗು ಬರುತ್ತದೆ. ಗೌಜಲ ಹಕ್ಕಿಯ ಮಾಂಸದ ಡಬ್ಬಿಗಳಿದ್ದವು, ಶಾಂಪೇನ್ ಬಾಟಲಿಗಳಿದ್ದವು. ತಳದ ಶಿಬಿರದವರೆಗೆ ಇವೆಲ್ಲ ಸೊಗಸು. ಆದರೆ ಆರು ಸಾವಿರ ಮೀಟರ್ ದಾಟಿದ ಮೇಲೆ ಹಸಿವು ಸತ್ತುಹೋಗುತ್ತದೆ. ಕೊಬ್ಬಿನ ಪದಾರ್ಥ ಕಂಡರೆ ಹೊಟ್ಟೆ ತೊಳಸುತ್ತದೆ. ಧ್ರುವ ಪ್ರದೇಶಗಳಿಗೆ ಹೋದವರನ್ನು ಕಾಪಾಡಿದ ಪೆಮ್ಮಿಕನ್ ಎಂಬ ಒಣಮಾಂಸ, ಕೊಬ್ಬಿನ ಉಂಡೆ ಇಲ್ಲಿ ಗಂಟಲಲ್ಲಿ ಇಳಿಯದು. ಆ ಎತ್ತರದಲ್ಲಿ ನಾಲಿಗೆ ಬಯಸುವುದು ಸಿಹಿಯನ್ನು.

ಹಾಗಾಗಿ ಕೆಂಡಲ್ ಮಿಂಟ್ ಕೇಕ್ ಪರ್ವತಾರೋಹಿಗಳ ಜೇಬು ಸೇರಿತು. ಹೆಸರಿಗೆ ಕೇಕ್. ನಿಜದಲ್ಲಿ ಅದು ಪೆಪ್ಪರ್‌ಮಿಂಟ್ ಎಣ್ಣೆ ಬೆರೆಸಿದ ಸಕ್ಕರೆಪಾಕದ ಗಟ್ಟಿ ಬಿಲ್ಲೆ. 1933ರಲ್ಲಿ ಒಂಟಿಯಾಗಿ ಮೇಲೇರುತ್ತಿದ್ದ ಫ್ರಾಂಕ್ ಸ್ಮೈತ್ ಒಂದೆಡೆ ನಿಂತು ಇಂಥದೊಂದು ಬಿಲ್ಲೆಯನ್ನು ಎರಡು ತುಂಡು ಮಾಡಿದ. ಒಂದನ್ನು ಕೈಯಲ್ಲಿ ಹಿಡಿದು ಪಕ್ಕದವನಿಗೆ ಕೊಡಲು ತಿರುಗಿದ. ಪಕ್ಕದಲ್ಲಿ ಯಾರೂ ಇರಲಿಲ್ಲ. ದಣಿದ, ಆಮ್ಲಜನಕ ಸಾಲದ ಮಿದುಳು ಅವನಿಗೊಬ್ಬ ಜೊತೆಗಾರನನ್ನು ಸೃಷ್ಟಿಸಿತ್ತು.

ಸಿಹಿಯ ವಿಷಯದಲ್ಲಿ ನಾಲಿಗೆ ಹೇಳಿದ್ದು ಸರಿಯಾಗಿಯೇ ಇತ್ತು. ಕೊಬ್ಬಿಗೆ ಹೋಲಿಸಿದರೆ ಸಕ್ಕರೆ, ಪಿಷ್ಟಗಳು ಅಷ್ಟೇ ಆಮ್ಲಜನಕದಲ್ಲಿ ತುಸು ಹೆಚ್ಚು ಶಕ್ತಿ ಕೊಡುತ್ತವೆ. ಆಮ್ಲಜನಕವೇ ದುಬಾರಿಯಾದ ಜಾಗದಲ್ಲಿ ಈ ತುಸುವಿಗೂ ಬೆಲೆ ಇದೆ. ಆದರೆ ಬಾಯಾರಿಕೆಯ ವಿಷಯದಲ್ಲಿ ದೇಹ ಮೋಸ ಮಾಡುತ್ತದೆ. ಚಳಿಯಲ್ಲಿ ದಾಹ ಅಷ್ಟಾಗಿ ಗೊತ್ತಾಗುವುದಿಲ್ಲ. ಅತ್ತ ನೀರು ಮಾತ್ರ ಸದ್ದಿಲ್ಲದೆ ಹೋಗುತ್ತಲೇ ಇರುತ್ತದೆ. ಎತ್ತರದ ಗಾಳಿ ತಣ್ಣಗೂ ಒಣಗಿಯೂ ಇರುತ್ತದೆ. ಒಳಗೆಳೆದ ಪ್ರತಿ ಉಸಿರನ್ನೂ ಶ್ವಾಸಕೋಶ ಬೆಚ್ಚಗಾಗಿಸಬೇಕು, ತೇವಗೊಳಿಸಬೇಕು. ಆ ತೇವ ಹೊರಬಿಟ್ಟ ಉಸಿರಿನ ಜೊತೆ ಹೊರಟುಹೋಗುತ್ತದೆ. ಅಲ್ಲಿ ನಾಲ್ಕು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡಬೇಕು. ಅಂದರೆ ದಿನವಿಡೀ ನೀರನ್ನು ಊದಿ ಕಳೆಯುವುದೇ ಕೆಲಸ.

1924ರಲ್ಲಿ ಸಾಮರ್ವೆಲ್‌ಗೆ ಇದು ಪ್ರಾಣಕ್ಕೇ ಬಂದಿತ್ತು. ಆತ ದಕ್ಷಿಣ ತಿರುವಾಂಕೂರಿನ, ಅಂದರೆ ಇಂದಿನ ಕನ್ಯಾಕುಮಾರಿ ಜಿಲ್ಲೆಯ ನೆಯ್ಯೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕನಾಗಿದ್ದ. ಜೀವಮಾನದ ದೊಡ್ಡ ಭಾಗವನ್ನು ಅಲ್ಲೇ ಕಳೆದವನು. ಜೂನ್ 4ರ ಬೆಳಿಗ್ಗೆ ಅವನೂ ನಾರ್ಟನ್ನೂ ಶಿಖರಕ್ಕೆ ಹೊರಡಬೇಕು. ನೋಡಿದರೆ ರಾತ್ರಿ ಥರ್ಮಸ್ಸಿನ ಬಿರಡೆ ಕಳಚಿ ಒಳಗಿದ್ದುದೆಲ್ಲ ಚೆಲ್ಲಿಹೋಗಿದೆ. ಮತ್ತೆ ಹಿಮ ಕರಗಿಸುವಷ್ಟರಲ್ಲಿ ಹೊತ್ತು ಹೋಯಿತು. ಅಂದು ನಾರ್ಟನ್ ಸುಮಾರು 8,570 ಮೀಟರ್ ಮುಟ್ಟಿ ತಿರುಗಿದ. ಗಂಟಲು ಕಟ್ಟಿ ಸಾಮರ್ವೆಲ್ ಅವನಿಗಿಂತ ಮೊದಲೇ ನಿಂತಿದ್ದ. ಇಳಿಯುವಾಗ ಒಣಗಿ, ಹಿಮಕ್ಕೆ ಸುಟ್ಟುಹೋಗಿದ್ದ ಗಂಟಲಿನ ಒಳಪದರವೇ ಕಳಚಿ ಅವನ ಉಸಿರಿಗೆ ಅಡ್ಡ ಕೂತಿತು. ಎರಡೂ ಕೈಯಿಂದ ಎದೆ ಒತ್ತಿ ಅದನ್ನು ಹೊರಗೆ ಕೆಮ್ಮಿ ಬದುಕಿಕೊಂಡ.

ಮೂರು ದಿನದ ನಂತರ ಮ್ಯಾಲರಿ ಅತಿ ಎತ್ತರದ ಶಿಬಿರದಿಂದ ಹೊರೆಯಾಳುಗಳ ಕೈಯಲ್ಲಿ ನೋಯಲ್ ಓಡೆಲ್‌ಗೆ ಒಂದು ಚೀಟಿ ಕಳಿಸಿದ. ಹಿಂದಿನ ಶಿಬಿರವನ್ನು ಅಸ್ತವ್ಯಸ್ತ ಬಿಟ್ಟು ಬಂದದ್ದಕ್ಕೆ ಕ್ಷಮೆ ಕೋರಿ, ಹೊರಡುವ ಹೊತ್ತಿಗೆ ಒಲೆ ಉರುಳಿ ಇಳಿಜಾರಿನಲ್ಲಿ ಬಿದ್ದುಹೋಯಿತು ಎಂದು ಅದರಲ್ಲಿ ಬರೆದಿದ್ದ. ಮರುದಿನ, ಜೂನ್ 8ರಂದು, ಅವನೂ ಆಂಡ್ರ್ಯೂ ಇರ್ವಿನ್‌ನೂ ಮೋಡದೊಳಗೆ ಮರೆಯಾದರು. ಮ್ಯಾಲರಿಯ ದೇಹ ಸಿಕ್ಕಿದ್ದು 1999ರಲ್ಲಿ. ಅವರ ಸಾವಿಗೆ ಒಲೆಯೇ ಕಾರಣ ಎನ್ನಲು ಆಗುವುದಿಲ್ಲ. ಆದರೆ ಆ ಎತ್ತರದಲ್ಲಿ ಒಲೆ ಕಳೆದುಕೊಂಡವರು ನೀರನ್ನೂ ಕಳೆದುಕೊಂಡಂತೆ.

ಮೋಂಬತ್ತಿಯ ಮೇಲೆ ಕಾದ ಹಿಮ

ಹಿಮವನ್ನೇ ತಿಂದರಾಗದೇ ಎಂಬ ಪ್ರಶ್ನೆ ಸಹಜ. ಆಗದು. ಒಂದು ಲೀಟರ್ ನೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಲು ಎಷ್ಟು ಶಾಖ ಬೇಕೋ, ಸುಮಾರು ಅಷ್ಟೇ ಶಾಖ ಒಂದು ಕಿಲೋ ಹಿಮವನ್ನು ಬರೀ ಕರಗಿಸಲು ಬೇಕು. ಕರಗಿದ ಮೇಲೂ ಅದು ಸೊನ್ನೆ ಡಿಗ್ರಿಯ ನೀರೇ. ಬಾಯಿಗೆ ಹಿಮ ತುಂಬಿಕೊಂಡವನು ಈ ಶಾಖವನ್ನು ತನ್ನ ಮೈಯಿಂದ ಕೊಡಬೇಕು. ಮೈಯಲ್ಲಿ ಶಾಖವೇ ಸಾಲದ ಜಾಗದಲ್ಲಿ ಇದು ಕೈಯಿಂದ ಹಣ ಹಾಕಿ ನಷ್ಟದ ವ್ಯಾಪಾರ ಮಾಡಿದಂತೆ. ಆದ್ದರಿಂದ ಆ ಶಾಖ ಒಲೆಯಿಂದಲೇ ಬರಬೇಕು, ಒಲೆಗೆ ಎಣ್ಣೆ ಬೇಕು, ಎಣ್ಣೆಯನ್ನು ಯಾರಾದರೂ ಬೆನ್ನ ಮೇಲೆ ಹೊರಬೇಕು. ಎವರೆಸ್ಟಿನಲ್ಲಿ ನೀರಿನ ಇನ್ನೊಂದು ಹೆಸರು ಸೀಮೆಎಣ್ಣೆ.

ಇದು ಅತಿ ಸ್ಪಷ್ಟವಾಗಿ ಕಂಡದ್ದು 1952ರಲ್ಲಿ. ಆ ವಸಂತದಲ್ಲಿ ಸ್ವಿಸ್ ತಂಡದ ರೇಮಂಡ್ ಲ್ಯಾಂಬರ್ಟ್ ಮತ್ತು ತೇನ್‌ಸಿಂಗ್ ನೋರ್ಗೆ ಸುಮಾರು 8,400 ಮೀಟರ್ ಎತ್ತರದಲ್ಲಿ ಒಂದು ಪುಟ್ಟ ಡೇರೆಯಲ್ಲಿ ರಾತ್ರಿ ಕಳೆದರು. ಮಲಗುವ ಚೀಲ ಇರಲಿಲ್ಲ, ಒಲೆ ಇರಲಿಲ್ಲ. ನಿದ್ದೆಹೋದರೆ ಮತ್ತೆ ಏಳುವುದಿಲ್ಲ ಎಂಬ ಭಯಕ್ಕೆ ಒಬ್ಬರನ್ನೊಬ್ಬರು ತಟ್ಟುತ್ತಾ, ಉಜ್ಜುತ್ತಾ ಕೂತಿದ್ದರು. ಖಾಲಿ ಡಬ್ಬಿಯೊಂದರಲ್ಲಿ ಹಿಮದ ಚೂರು ಹಾಕಿ ಮೋಂಬತ್ತಿಯ ಮೇಲೆ ಹಿಡಿದರು. ಅದರಿಂದ ಸಿಕ್ಕಿದ್ದು ಗುಟುಕು ನೀರು. ಮರುದಿನ ಅವರು ಸುಮಾರು 8,600 ಮೀಟರಿನವರೆಗೆ ಏರಿದರು. ಶಿಖರ ಕಣ್ಣೆದುರಿಗಿತ್ತು. ಆಮ್ಲಜನಕದ ಉಪಕರಣ ಸರಿಯಾಗಿ ಕೆಲಸ ಮಾಡಲಿಲ್ಲ, ಕಾಲುಗಳಲ್ಲಿ ಕಸುವಿರಲಿಲ್ಲ. ಹಿಂತಿರುಗಿದರು.

ಲೆಕ್ಕ ಹಾಕಲು ಬಂದ ಮನುಷ್ಯ

ಅದೇ ವರ್ಷ ಎರಿಕ್ ಶಿಪ್ಟನ್ ನಾಯಕತ್ವದ ಬ್ರಿಟಿಷ್ ತಂಡವೊಂದು ಎವರೆಸ್ಟಿನ ನೆರೆಯ ಚೋ ಓಯು ಪರ್ವತಕ್ಕೆ ಹೋಗಿತ್ತು. ಅದರಲ್ಲಿ ಗ್ರಿಫಿತ್ ಪ್ಯೂ ಎಂಬ ಶರೀರವಿಜ್ಞಾನಿ ಇದ್ದ. ಯುದ್ಧದ ಕಾಲದಲ್ಲಿ ಲೆಬನಾನಿನ ಬೆಟ್ಟಗಳಲ್ಲಿ ಸೈನಿಕರಿಗೆ ತರಬೇತಿ ಕೊಟ್ಟಿದ್ದವನು, ಲಂಡನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯಲ್ಲಿ ಕೆಲಸದಲ್ಲಿದ್ದವನು. ಶಿಪ್ಟನ್ನನಿಗೆ ದೊಡ್ಡ ಸಾಮಾನು, ದೊಡ್ಡ ಯೋಜನೆ ಎರಡೂ ಹಿಡಿಸುತ್ತಿರಲಿಲ್ಲ. ಸ್ಥಳದಲ್ಲಿ ಸಿಕ್ಕಿದ್ದನ್ನು ತಿಂದು ಹಗುರವಾಗಿ ನಡೆಯುವುದು ಅವನ ಪದ್ಧತಿ. ಪ್ಯೂ ಮಾತ್ರ ಸುಮಾರು 6,000 ಮೀಟರ್ ಎತ್ತರದ ಮೆನ್‌ಲುಂಗ್ ಲಾ ಕಣಿವೆದಾರಿಯಲ್ಲಿ ಡೇರೆ ಹಾಕಿ ಸಹಚರರನ್ನು ಹಿಮದಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡಿಸಿ ಅವರ ಉಸಿರು ಅಳೆದ, ತಿಂದದ್ದನ್ನು ಕುಡಿದದ್ದನ್ನು ಬರೆದಿಟ್ಟ. ಅವನ ತೀರ್ಮಾನಗಳು ಹಲವು: ಹೆಚ್ಚಿನ ಆಮ್ಲಜನಕ, ಒಳ್ಳೆಯ ಬೂಟು, ಶುಚಿಯಾದ ಅಡುಗೆ, ಎತ್ತರಕ್ಕೆ ಒಗ್ಗಲು ಸಾಕಷ್ಟು ಕಾಲ. ಅವುಗಳ ನಡುವೆ ಒಂದು ಸಾಧಾರಣ ಸಲಹೆ ಇತ್ತು. ಪ್ರತಿಯೊಬ್ಬನೂ ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ಕುಡಿಯಬೇಕು, ಬಾಯಾರಲಿ, ಬಾಯಾರದಿರಲಿ.

ಈ ಒಂದು ಸಾಲನ್ನು ಒಪ್ಪಿಕೊಂಡರೆ ಇಡೀ ಯೋಜನೆ ಬದಲಾಗುತ್ತದೆ. ನಾಲ್ಕು ಲೀಟರಿಗೆ ತಕ್ಕ ಎಣ್ಣೆ ಬೇಕು, ಎಣ್ಣೆಗೆ ತಕ್ಕ ಆಳು ಬೇಕು, ಆಳಿಗೆ ತಕ್ಕ ಡೇರೆ ಬೇಕು. 1953ರ ತಂಡದ ನಾಯಕ ಜಾನ್ ಹಂಟ್ ಸೈನ್ಯದವನು, ಸರಬರಾಜಿನ ಬೆಲೆ ಬಲ್ಲವನು. ಆತ ಒಪ್ಪಿದ. ಎತ್ತರದ ಗಾಳಿಯಲ್ಲೂ ಚೆನ್ನಾಗಿ ಉರಿಯುವಂತೆ ಪ್ರೈಮಸ್ ಒಲೆಗಳನ್ನು ಮಾರ್ಪಡಿಸಿದರು, ಎಣ್ಣೆ ಹೆಚ್ಚಿಸಿದರು. 1892ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಈ ಪಂಪ್ ಒಲೆ ಓದುಗರಲ್ಲಿ ಹಲವರಿಗೆ ಪರಿಚಿತವೇ. ಮುಂಬೈ, ಪುಣೆಯ ಮನೆಗಳಲ್ಲಿ ಎಷ್ಟೋ ವರ್ಷ ಸೀಮೆಎಣ್ಣೆ ಸ್ಟೌವಿಗೆ ಪ್ರೈಮಸ್ ಎಂದೇ ಹೆಸರಿತ್ತು.

ಆಹಾರವೂ ಬದಲಾಯಿತು. ಎತ್ತರದ ಶಿಬಿರಗಳಿಗೆಂದು ಗಾಳಿ ತೆಗೆದು ಕಟ್ಟಿದ ಪೊಟ್ಟಣಗಳನ್ನು ಸಿದ್ಧಪಡಿಸಿದರು. ಒಬ್ಬನ ಒಂದು ದಿನದ ಪಾಲಿನಲ್ಲಿ ಸಕ್ಕರೆಯೇ ಸುಮಾರು 400 ಗ್ರಾಂ. ಆಗ ಬ್ರಿಟನ್ನಿನಲ್ಲಿ ಸಕ್ಕರೆಗೆ ಇನ್ನೂ ರೇಷನ್ ಇತ್ತು. ಅದು ಮುಗಿದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಅಷ್ಟು ಸಕ್ಕರೆ ತಿನ್ನುವುದಕ್ಕಲ್ಲ, ಕುಡಿಯುವುದಕ್ಕೆ. ಚಹಾ, ಕೋಕೋ, ನಿಂಬೆಪುಡಿಯ ಪಾನಕದಲ್ಲಿ ಕರಗಿ ಅದು ಹೊಟ್ಟೆ ಸೇರಬೇಕು. ಹಸಿವಿಲ್ಲದವನಿಗೂ ಒಂದು ಲೋಟ ಬಿಸಿ ಪಾನಕ ಇಳಿಯುತ್ತದೆ. ಒಂದೇ ಲೋಟದಲ್ಲಿ ನೀರೂ ಸಿಕ್ಕಿತು, ಶಕ್ತಿಯೂ ಸಿಕ್ಕಿತು.

ಪ್ಯೂ ಅಳೆದು ಹೇಳಿದ್ದರ ಒಂದು ಭಾಗ ಪರ್ವತದ ಬುಡದ ಊರುಗಳಿಗೆ ಹೊಸದಲ್ಲ. ಶೆರ್ಪಾಗಳ ದಿನಚರಿಯಲ್ಲಿ ಉಪ್ಪು, ಬೆಣ್ಣೆ ಹಾಕಿದ ಚಹಾ ದಿನವಿಡೀ ಬಟ್ಟಲು ಬಟ್ಟಲಾಗಿ ನಡೆಯುತ್ತದೆ. ಅದಕ್ಕೆ ಜವೆಗೋಧಿಯ ಹುರಿಹಿಟ್ಟು ಕಲಸಿದರೆ ಊಟವೂ ಆಯಿತು. ಹುರಿದ ಹಿಟ್ಟಿಗೆ ಬೇಯಿಸುವ ಅಗತ್ಯವಿಲ್ಲ. ನೀರು 100 ಡಿಗ್ರಿಗೆ ಮೊದಲೇ ಕುದಿದುಬಿಡುವ, ಬೇಳೆ ಬೇಯದ ಎತ್ತರದಲ್ಲಿ ಇದು ಸಣ್ಣ ಅನುಕೂಲವಲ್ಲ.

ಕೊನೆಯ ರಾತ್ರಿ

1953ರ ಮೇ 28. ಸುಮಾರು 8,500 ಮೀಟರ್ ಎತ್ತರದ ಕೊನೆಯ ಶಿಬಿರ. ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ಇಬ್ಬರನ್ನೇ ಬಿಟ್ಟು, ಸಾಮಾನು ತಂದುಕೊಟ್ಟ ಜಾರ್ಜ್ ಲೋ, ಆಲ್ಫ್ರೆಡ್ ಗ್ರೆಗರಿ, ಆಂಗ್ ನೀಮಾ ಇಳಿದುಹೋಗಿದ್ದರು. ಹಿಂದಿನ ವರ್ಷ ತೇನ್‌ಸಿಂಗ್ ಮೋಂಬತ್ತಿ ಹಿಡಿದು ಕೂತಿದ್ದ ಜಾಗಕ್ಕಿಂತ ಇದು ತುಸು ಮೇಲೆ. ಈ ಸಲ ಒಲೆ ಉರಿಯುತ್ತಿತ್ತು. ಸೂಪು, ಬಿಸ್ಕತ್ತಿನ ಮೇಲೆ ಸಾರ್ಡೀನ್ ಮೀನು, ಡಬ್ಬಿಯ ಏಪ್ರಿಕಾಟ್, ಖರ್ಜೂರ, ಜೇನು. ಅದರ ಜೊತೆಗೆ ಸಕ್ಕರೆ ಸುರಿದ ಬಿಸಿ ನಿಂಬೆ ಪಾನಕ, ಲೋಟದ ಮೇಲೆ ಲೋಟ. ನಾಲ್ಕು ಗಂಟೆಗೆ ಎದ್ದಾಗ ಹಿಲರಿಯ ಬೂಟುಗಳು ಕಲ್ಲಾಗಿದ್ದವು. ಅವನ್ನೂ ಅದೇ ಒಲೆಯ ಮೇಲೆ ಹಿಡಿದು ಮೆತ್ತಗೆ ಮಾಡಿದರು. ಮತ್ತೆ ಪಾನಕ ಕುಡಿದರು. ಆರೂವರೆಗೆ ಹೊರಟು ಹನ್ನೊಂದೂವರೆಗೆ ಶಿಖರದ ಮೇಲಿದ್ದರು.

ಅಲ್ಲಿ ತೇನ್‌ಸಿಂಗ್ ಹಿಮದಲ್ಲಿ ಪುಟ್ಟ ಕುಳಿ ತೋಡಿ ಚಾಕಲೇಟ್, ಬಿಸ್ಕತ್ತು, ಮಿಠಾಯಿಗಳನ್ನು ದೇವತೆಗಳಿಗೆ ನೈವೇದ್ಯವಾಗಿ ಇಟ್ಟ. ಇಬ್ಬರೂ ಮಿಂಟ್ ಕೇಕ್ ಕಚ್ಚಿದರು. ಹಿಲರಿ ಇನ್ನೊಂದು ಸಂಗತಿಯನ್ನು ಬಹಳ ವರ್ಷಗಳ ಮೇಲೆ ಆತ್ಮಕಥೆಯಲ್ಲಿ ಸಂಕೋಚವಿಲ್ಲದೆ ಬರೆದ: ಶಿಖರದ ಮೇಲೆ ಅವನು ಮೂತ್ರ ಮಾಡದೆ ಇರಲಾಗಲಿಲ್ಲ. ಪರ್ವತವನ್ನು ಪೂಜಿಸುವವರಿಗೆ ಇದು ಕಸಿವಿಸಿ ಎನಿಸಬಹುದು. ಶರೀರವಿಜ್ಞಾನಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಅಲ್ಲಿಗೆ ಮುಟ್ಟುವ ಹೊತ್ತಿಗೂ ಅವನ ಮೈಯಲ್ಲಿ ನೀರು ಉಳಿದಿತ್ತು. ಇಳಿದು ಬರುವಾಗ ಲೋ ಬಿಸಿ ಸೂಪು ಹಿಡಿದು ಎದುರಿಗೆ ಬಂದ.

ಗೆಲುವಿಗೆ ನೀರೊಂದೇ ಕಾರಣವಲ್ಲ. ಆಮ್ಲಜನಕ ಇಲ್ಲದಿದ್ದರೆ ಆ ದಿನ ಆ ಶಿಖರ ಸಿಗುತ್ತಿರಲಿಲ್ಲ. ಆ ಲೆಕ್ಕದಲ್ಲೂ ಪ್ಯೂ ಪಾಲಿತ್ತು. ಆದರೆ ಹಂಟ್ ಬರೆದ ಪುಸ್ತಕದಲ್ಲಿ ಪ್ಯೂನ ಕೆಲಸಕ್ಕೆ ಜಾಗ ಸಿಕ್ಕಿದ್ದು ಕೊನೆಯ ಅನುಬಂಧಗಳಲ್ಲಿ. 1993ರಲ್ಲಿ, ನಲವತ್ತನೆಯ ವರ್ಷದ ಸಭೆಯೊಂದರಲ್ಲಿ, 1953ರ ತಂಡದ ವೈದ್ಯ ಮೈಕಲ್ ವಾರ್ಡ್ ಅವನ ಹೆಸರನ್ನು ಬಹಿರಂಗವಾಗಿ ಎತ್ತಿ ಹೇಳಿದ. ಆಗ ಪ್ಯೂ ಗಾಲಿಕುರ್ಚಿಯಲ್ಲಿ ಕೂತಿದ್ದ. ಮರುವರ್ಷ ತೀರಿಕೊಂಡ. ಅಪ್ಪನ ಕೆಲಸ ಏನೆಂದು ಆ ಸಭೆಯಲ್ಲಿ ಮೊದಲ ಬಾರಿಗೆ ಸರಿಯಾಗಿ ಕೇಳಿಸಿಕೊಂಡ ಮಗಳು ಹ್ಯಾರಿಯೆಟ್ ಟಕಿ ಮುಂದೆ ಅವನ ಜೀವನಚರಿತ್ರೆ ಬರೆದಳು. ಬೆನ್ನ ಮೇಲೆ ಎಣ್ಣೆ ಹೊತ್ತ ಶೆರ್ಪಾಗಳಲ್ಲಿ ಹೆಚ್ಚಿನವರಿಗೆ ಅನುಬಂಧದಲ್ಲಿ ಕೂಡ ಅಷ್ಟು ಜಾಗ ಸಿಗಲಿಲ್ಲ.

ಲೆಕ್ಕ ಮಾತ್ರ ಇಂದಿಗೂ ಅದೇ. 1961ರಲ್ಲಿ ಮೈಸೂರಿನಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಎತ್ತರದ ಗಡಿಗಳಲ್ಲಿರುವ ಸೈನಿಕರಿಗಾಗಿ ಹಗುರವಾದ, ಕೆಡದ, ಹಸಿವಿಲ್ಲದವನಿಗೂ ರುಚಿಸುವ ಆಹಾರವನ್ನು ರೂಪಿಸುತ್ತಾ ಬಂದಿದೆ. ಆದರೆ ಮೈಸೂರಿನಿಂದ ಹೋದ ಪೊಟ್ಟಣ ಎಷ್ಟೇ ಚೆನ್ನಾಗಿದ್ದರೂ ಸಿಯಾಚಿನ್ನಿನ ಡೇರೆಯಲ್ಲಿ ಅದನ್ನು ಬಿಚ್ಚುವ ಮೊದಲು ಯಾರಾದರೊಬ್ಬರು ಸ್ಟೌ ಹಚ್ಚಿ ಹಿಮ ಕರಗಿಸಬೇಕು. ಆ ಸ್ಟೌವಿಗೆ ಬೇಕಾದ ಸೀಮೆಎಣ್ಣೆಯನ್ನು ಕೆಳಗಿನಿಂದ ಮೇಲಕ್ಕೆ ಒಯ್ದು ಮುಟ್ಟಿಸಬೇಕು.